ಯಾಕ್ರಿ ಸರ್ ಕೇಳಿದ್ದು

ಕಳೆದ ವಾರ ರೊಟ್ಟಿ ಕೇಂದ್ರಕ್ಕೆ ಸುಣ್ಣ ಹಚ್ಚಿಸಬೇಕೆಂದು ಅಟ್ಟದ ಮೇಲಿನ ಹಳೆಯ ಡಬ್ಬಿಗಳನ್ನೆಲ್ಲ ಇಳಿಸುತ್ತಿದ್ದೆವು. ಒಂದು ತಗಡಿನ ಡಬ್ಬಿಯೊಳಗೆ ಏನೋ ಖಡಕ್ ಖಡಕ್ ಎಂದಿತು. ಮುಚ್ಚಳ ತೆಗೆದರೆ ಮುಗ್ಗಿದ ಜೋಳದ ಹಿಟ್ಟಿನ ವಾಸನೆ ಮುಖಕ್ಕೆ ಹೊಡೆಯಿತು. ತಳದಲ್ಲಿ ಗಟ್ಟಿಯಾದ ಹಿಟ್ಟಿನ ಒಂದು ಹೆಂಟೆ, ಅದರಲ್ಲಿ ಅರ್ಧ ಹೂತ ಒಂದು ಗಡಿಯಾರ. ಕೈಗೆ ಕಟ್ಟುವಂಥದ್ದಲ್ಲ, ಕಪ್ಪು ದಾರ ಪೋಣಿಸಿ ಕೊರಳಿಗೆ ಹಾಕಿಕೊಳ್ಳುವಂಥದ್ದು. ಗುಂಡಿ ಒತ್ತಿದರೆ ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಸಾಲಿಯಲ್ಲಿ ಓಟದ ಪಂದ್ಯ ನಡೆಸುವ ಮಾಸ್ತರರ ಹತ್ತಿರ ಇರುತ್ತದಲ್ಲ, ಅಂಥದ್ದು. ಸೆರಗಿನಿಂದ ಒರೆಸಿ ಗುಂಡಿ ಒತ್ತಿದೆ. ಓಡಲಿಲ್ಲ. ಸುಣ್ಣದ ಕೆಲಸ ಅಲ್ಲಿಗೇ ಬಿಟ್ಟು ಕುಳಿತುಬಿಟ್ಟೆ…

ಅದು ಯಾಕ್ರಿ ಸರ್ ಅವರ ಗಡಿಯಾರ.

ಅವರಿಗೆ ತಂದೆತಾಯಿ ಇಟ್ಟ ಒಳ್ಳೆಯ ಹೆಸರೊಂದಿತ್ತು. ಆದರೆ ನಮ್ಮ ಶಲವಡಿಯಲ್ಲಿ ಯಾರೂ ಆ ಹೆಸರಿನಿಂದ ಕರೆದದ್ದು ನನಗೆ ನೆನಪಿಲ್ಲ. ಮನುಷ್ಯ ನಿಂತರೂ ಕುಳಿತರೂ ‘ಯಾಕ್ರಿ’ ಎನ್ನುತ್ತಿದ್ದರು. ಹಿಟ್ಟಿಗೆ ಕುದಿಯುವ ನೀರೇ ಯಾಕ್ರಿ? ಹಂಚಿನ ಮೇಲಿನ ರೊಟ್ಟಿಗೆ ಹಸಿ ಅರಿವೆ ಸವರುವುದು ಯಾಕ್ರಿ? ಅಮವಾಸ್ಯೆಗೆ ಕೇಂದ್ರಕ್ಕೆ ಸೂಟಿ ಯಾಕ್ರಿ? ಒಂದು ದಿನ ಕೇಂದ್ರದಲ್ಲಿ ರೊಟ್ಟಿ ಬಡಿಯುವ ನಮ್ಮ ಪಾರವ್ವ ಊಟಕ್ಕೆ ಏಳುವ ಹೊತ್ತಿಗೂ ಅವರು ಹೀಗೇ ಶುರು ಮಾಡಿದರು. ಅವಳ ನಾಲಿಗೆಗೆ ಮೊದಲೇ ಮೂಗುದಾರ ಇಲ್ಲ. “ಯಾಕ್ರಿ ಸರ್, ನಿಮಗ ಹಸಿವಿ ಅನ್ನೂದ ಆಗಂಗಿಲ್ಲೇನ್ರಿ?” ಎಂದುಬಿಟ್ಟಳು. ಅಂದಿನಿಂದ ಅದೇ ಹೆಸರಾಯಿತು. ಅವರೂ ಕರೆದರೆ ಓಗೊಡುತ್ತಿದ್ದರು.

ಅವರು ಬದುಕಿನಲ್ಲಿ ಎಷ್ಟು ಕೆಲಸ ಬದಲಿಸಿದ್ದರು ಎಂಬುದನ್ನು ನೆನೆದರೆ ಈಗಲೂ ನಗು ಬರುತ್ತದೆ. ಧಾರವಾಡದಲ್ಲಿ ಭೌತಶಾಸ್ತ್ರ ಓದಿದವರು. ಆಮೇಲೆ ಮುಂಬಯಿಯ ಒಂದು ಪ್ರಯೋಗಶಾಲೆಯಲ್ಲಿ ಏಳೆಂಟು ವರ್ಷ ಲೋಹಗಳನ್ನು ಬರ್ಫಕ್ಕಿಂತ ತಣ್ಣಗೆ ಮಾಡಿ ಅವುಗಳ ಗುಣ ನೋಡುತ್ತ ಕುಳಿತಿದ್ದರಂತೆ. ಅದು ಬೇಸರವಾಗಿ ಪುಣೆಯ ಮೋಟರ್ ಕಾರ್ಖಾನೆ ಸೇರಿದರು. ಮೊದಲು ಮಾಲು ತಪಾಸಣೆ, ಆಮೇಲೆ ಇಡೀ ಕಾರ್ಖಾನೆಯ ವಹಿವಾಟು. ಅದನ್ನೂ ಬಿಟ್ಟು ಊರೂರಿನ ಕಂಪನಿಗಳಿಗೆ ಹೋಗಿ, ಅಲ್ಲಿಯ ಹಳೆಯ ಕೆಲಸಗಾರರ ತಲೆಯಲ್ಲಿರುವುದನ್ನೆಲ್ಲ ಬರೆಸಿಡುವ ಕೆಲಸ ಹಿಡಿದರು. ಇದೇನು ಉದ್ಯೋಗ ಎಂದು ನಮಗಾರಿಗೂ ತಿಳಿಯಲಿಲ್ಲ.

“ಹಳೇ ಮನಶ್ಯಾ ರಿಟೈರ್ ಆಗಿ ಹೋದ್ರ, ಅವನ ಜೋಡಿ ಏನೇನು ಹೋತು ಅಂತ ಕಂಪನಿಯವರಿಗೆ ಗೊತ್ತಾಗೂದಿಲ್ಲ ನೋಡ್ರಿ. ಅವ ಹೋಗೂಕಿಂತ ಮೊದ್ಲ ಅದನ್ನ ಹುಡುಕೂದು ನನ್ನ ಕೆಲಸ” ಎಂದರು.

“ಅಂದ್ರ ಮಂದಿಗೆ ಗೊತ್ತಿದ್ದದ್ದನ್ನ ಮಂದಿಗೇ ಹೇಳೂದು! ಶಿವನ, ಇದಕ್ಕೂ ಒಂದು ನೌಕರಿ!” ಎಂದಳು ಪಾರವ್ವ. ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ.

ಆಗ ನಾನು ಈ ರೊಟ್ಟಿ ಕೇಂದ್ರದ ಮುಖ್ಯಸ್ಥೆ. ಹನ್ನೆರಡು ಮಂದಿ ಹೆಂಗಸರು, ಆರು ಒಲೆ. ನಮ್ಮ ಖಡಕ್ ರೊಟ್ಟಿ ಹುಬ್ಬಳ್ಳಿಯ ಒಂದು ದೊಡ್ಡ ಅಂಗಡಿಗೆ ಹೋಗುತ್ತಿತ್ತು. ಬೇಡಿಕೆ ಹೆಚ್ಚಾಗಿತ್ತು, ನಮ್ಮ ಕೈ ಸಾಲುತ್ತಿರಲಿಲ್ಲ. ಒಂದು ಸಂಸ್ಥೆಯವರು ಹದಿನೈದು ದಿನ ನಮಗೆ ತಿಳಿವಳಿಕೆ ಕೊಡಲೆಂದು ಇವರನ್ನು ಕಳಿಸಿದರು. ನಮ್ಮ ಮನೆಯ ಮಾಳಿಗೆಯ ಖೋಲಿಯಲ್ಲಿ ಇಳಿದುಕೊಂಡರು. ಹದಿನೈದು ದಿನಕ್ಕೆಂದು ಬಂದವರು ಮೂರು ವರ್ಷ ಇದ್ದರು. ಯಾಕೆ ಎಂದು ಹೇಳಬೇಕಾದರೆ ಆಯಿಯ ವಿಷಯ ಹೇಳಬೇಕು.

ಆಯಿ ಎಂದರೆ ಊರಿಗೆಲ್ಲ ಆಯಿ. ಕೇಂದ್ರ ಶುರುವಾದಾಗ ಮೊದಲ ರೊಟ್ಟಿ ಬಡಿದವಳು ಅವಳೇ. ವಯಸ್ಸಾಗಿ ಬೆರಳು ಸೊಟ್ಟಗಾದ ಮೇಲೆ ರೊಟ್ಟಿ ಬಡಿಯುವುದು ನಿಂತಿತ್ತು. ಆದರೂ ದಿನಾ ಮುಂಜಾನೆ ಬಂದು ಬಾಗಿಲ ಬಾಜು ಗೋಡೆಗೆ ಆತು ಕೂರುವಳು. ಎಲೆ ಅಡಿಕೆ ಹಾಕಿಕೊಂಡು, ಕಣ್ಣು ಮುಚ್ಚಿಕೊಂಡು, ನಡುನಡುವೆ ಯಾರನ್ನಾದರೂ ಬೈಯುತ್ತಿದ್ದಳು. “ಲೇ ಪಾರೀ, ಹಿಟ್ಟು ಒಣಗೇತಿ.” “ನಿಂಗವ್ವಾ, ಮತ್ತೊಂದೀಟು ನಾದಬೇ, ನಿನ್ನ ಕೈಗೇನ್ ಹುಣ್ಣಾಗೇತೇನ?” ಮುದುಕಿಯ ವಟವಟ ಎಂದು ನಾವು ನಗುತ್ತಿದ್ದೆವು. ನಗುತ್ತಲೇ ಅವಳು ಹೇಳಿದಷ್ಟು ನೀರು ಹಾಕುತ್ತಿದ್ದೆವು.

ಸರ್ ಆ ಗಡಿಯಾರ ಕೊರಳಿಗೆ ಹಾಕಿಕೊಂಡು ಒಂದು ವಾರ ನಮ್ಮ ಹಿಂದೆ ತಿರುಗಿದರು. ಯಾರು ಎಷ್ಟು ಹೊತ್ತು ನಾದುತ್ತಾರೆ, ಎಷ್ಟು ಹೊತ್ತಿಗೆ ಒಂದು ರೊಟ್ಟಿ ಹಂಚಿಗೆ ಬೀಳುತ್ತದೆ, ಎಲ್ಲ ಬರೆದುಕೊಂಡು ದೊಡ್ಡ ಹಾಳೆಯಲ್ಲಿ ಒಂದು ಪಟ್ಟಿ ಮಾಡಿ ಗೋಡೆಗೆ ಹಚ್ಚಿದರು. ಎಲ್ಲರ ಹೆಸರಿನ ಮುಂದೆ ದಿನಕ್ಕೆ ಇಷ್ಟು ರೊಟ್ಟಿ ಎಂದಿತ್ತು. ಆಯಿಯ ಹೆಸರಿನ ಮುಂದೆ ಒಂದು ಸೊನ್ನೆ. ಅವರು ಸುಳ್ಳೇನೂ ಬರೆದಿರಲಿಲ್ಲ. ಅವಳನ್ನು ಬಿಡಿಸಿರಿ ಎಂದೂ ಹೇಳಿರಲಿಲ್ಲ. ಹಾಗೆ ತಿಳಿದುಕೊಂಡ ಶಾಣ್ಯಾಕಿ ನಾನು. ಬಾಗಿಲ ಬಾಜು ಇನ್ನೊಂದು ಒಲೆ ಹೂಡಿದರೆ ದಿನಕ್ಕೆ ಇಷ್ಟು ರೊಟ್ಟಿ ಹೆಚ್ಚಾಗುತ್ತದೆ ಎಂದು ಲೆಕ್ಕ ಹಾಕಿ, “ಆಯಿ, ನಿಮಗ ಯಾಕ್ ಈ ಹೊಗಿ ತ್ರಾಸು, ಇನ್ನ ಮನ್ಯಾಗ ಆರಾಮ ಇರ್ರಿ” ಎಂದೆ. ಅವಳು ಗೋಡೆಯ ಪಟ್ಟಿಯ ಕಡೆ ನೋಡಿದಳು. ಓದು ಬಾರದು, ಆದರೆ ಸೊನ್ನೆ ಯಾರಿಗೆ ತಿಳಿಯುವುದಿಲ್ಲ! ಎಲೆ ಅಡಿಕೆಯ ಚೀಲ ತೆಗೆದುಕೊಂಡು ಎದ್ದು ಹೋದಳು.

ಸಂಕ್ರಾಂತಿ ಮುಂದೆ ಬಂತು. ವರ್ಷದಲ್ಲೇ ದೊಡ್ಡ ಆರ್ಡರ್. ಮೊದಲ ಸಲ ಕಳಿಸಿದ್ದು ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಅರ್ಧಕ್ಕರ್ಧ ಒಡೆದಿತ್ತು. ಎರಡನೆಯ ಸಲ ಇನ್ನೂ ಕೆಟ್ಟದಾಯಿತು. ಅಂಗಡಿಯವರು ಫೋನ್ ಮಾಡಿದರು: “ಅಕ್ಕಾರ, ನಾ ರೊಟ್ಟಿ ಹೇಳಿದ್ನಿ, ನೀವು ಚುರುಮುರಿ ಕಳಿಸೀರಿ. ಇನ್ನೊಮ್ಮೆ ಹಿಂಗಾತಂದ್ರ ನಾ ಬ್ಯಾರೆ ಊರು ನೋಡ್ಕೋತೀನಿ.” ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಹಾಗಾಯಿತು. ಆ ಅಂಗಡಿ ತಪ್ಪಿದರೆ ನಮ್ಮ ಒಲೆಗಳೆಲ್ಲ ಆರಿದಂತೆಯೇ.

ಸರ್ ಮತ್ತೆ ಗಡಿಯಾರ ಹಿಡಿದು ಓಡಾಡಿದರು. ನೀರಿನ ಬಿಸಿ ಅಳೆದರು, ಹಿಟ್ಟು ತೂಗಿದರು, ರೊಟ್ಟಿಯ ದಪ್ಪ ನೋಡಿದರು. ಎಲ್ಲ ಬರೋಬ್ಬರಿ ಇತ್ತು, ರೊಟ್ಟಿ ಮಾತ್ರ ಒಡೆಯುತ್ತಿತ್ತು. ಕೊನೆಗೆ ಪಾರವ್ವನೇ ಹೇಳಿದಳು: “ಜ್ವಾಳ ಹಳೇದಾಗೇತ್ರಿ ಸರ್. ಸುಗ್ಗಿ ಇನ್ನೂ ದೂರ ಐತಿ. ಹಳೇ ಜ್ವಾಳಕ್ಕ ಜಿಗಿ ಇರಂಗಿಲ್ಲ, ಕುದಿಯೂ ಎಸರು ಹೆಚ್ಚು ಬೇಕಾಗ್ತೈತಿ. ಎಷ್ಟು ಬೇಕಂತ ಹೇಳಾಕಿ ಆಯಿ. ಆಕಿ ಬಡಿಯೂ ಸಪ್ಪಳದ ಮ್ಯಾಲೆ ಹೇಳ್ತಿದ್ಲು.”

ಅವರು ಪಟ್ಟಿಯ ಮುಂದೆ ಹೋಗಿ ನಿಂತರು. ‘ಯಾಕ್ರಿ’ ಎನ್ನಲಿಲ್ಲ.

ಅಂದು ಸಂಜೆ ಕಟ್ಟೆಯ ಮೇಲೆ ಕುಳಿತು ನನಗೊಂದು ಮಾತು ಹೇಳಿದರು. ಪುಣೆಯ ಕಾರ್ಖಾನೆಯಲ್ಲಿ ಒಬ್ಬ ಹಳೆಯ ಫಿಟ್ಟರ್ ಇದ್ದನಂತೆ. ಸ್ಕ್ರೂಡ್ರೈವರಿನ ತುದಿ ಮೋಟರಿಗೆ ಹಚ್ಚಿ, ಹಿಡಿಕೆಗೆ ಕಿವಿ ಕೊಟ್ಟು, ಒಳಗೆ ಏನು ಕೆಡುತ್ತಿದೆ ಎಂದು ಹೇಳಿಬಿಡುತ್ತಿದ್ದ. ಇವರ ಪಟ್ಟಿಯಲ್ಲಿ ಅವನು ತಯಾರಿಸಿದ ಮಾಲು ಏನೂ ಇರಲಿಲ್ಲ. ಅವನನ್ನು ಮನೆಗೆ ಕಳಿಸಿದರು. ಆಮೇಲೆ ಮೋಟರುಗಳು ಒಂದೊಂದೇ ತಿರುಗಿ ಬರತೊಡಗಿದವು. ಇವರು ಅವನ ಮನೆ ಹುಡುಕಿಕೊಂಡು ಹೋಗುವಷ್ಟರಲ್ಲಿ ಅವನು ತೀರಿಕೊಂಡಿದ್ದ.

“ಅವನ ಹೆಸರಿನ ಮುಂದನೂ ನಾ ಸೊನ್ನೀನ ಬರದಿದ್ದೆ ಅಕ್ಕಾರ. ಅದಕ್ಕ ಆ ನೌಕರಿ ಬಿಟ್ಟೆ. ಹಿಂಗ ಮಾಡಬ್ಯಾಡ್ರಿ, ಹಿಂಗ ಮಾಡಬ್ಯಾಡ್ರಿ ಅಂತ ಊರೂರಿಗೆ ಹೇಳ್ಕೋತ ತಿರುಗಿದೆ. ನಿಮ್ಮೂರಿಗೆ ಬಂದು ಮತ್ತ ನಾನ ಅದನ್ನ ಮಾಡಿದೆ…”

ತಪ್ಪು ನನ್ನದು, ಅಂದೂ ಗೊತ್ತಿತ್ತು, ಇಂದೂ ಗೊತ್ತು. ಆದರೆ ಅವರು ಒಮ್ಮೆಯೂ ‘ನೀವು ಕಳಿಸಿದಿರಿ’ ಎನ್ನಲಿಲ್ಲ. ಎಲ್ಲವನ್ನೂ ತಮ್ಮ ತಲೆಯ ಮೇಲೆ ಹೊತ್ತುಕೊಂಡರು. ನನಗೆ ಅವರ ಮೇಲೆ ಮಮತೆ ಹುಟ್ಟಿದ್ದು ಆ ಸಂಜೆಯೇ.

ಮರುದಿನ ಇಬ್ಬರೂ ಆಯಿಯ ಮನೆಗೆ ಹೋದೆವು. ಅವಳು ಒಳಗಿನಿಂದಲೇ “ಸೊನ್ನಿ ಕಡೆ ಏನ್ ಕೆಲಸರಿ ನಿಮಗ?” ಎಂದು ಕದ ಮುಂದೆ ಮಾಡಿಕೊಂಡಳು. ಎರಡನೆಯ ದಿನ ಕದವನ್ನೇ ತೆಗೆಯಲಿಲ್ಲ. ಮೂರನೆಯ ದಿನ ಸರ್ ನನ್ನ ಕೈಯಲ್ಲಿ ಹಿಟ್ಟಿನ ಡಬ್ಬಿ, ಎಸರಿನ ಪಾತ್ರೆ ಹೊರಿಸಿ, ತಾವು ಹಿಟ್ಟು ನಾದುವ ಪರಾತ ಹಿಡಿದುಕೊಂಡು ಹೊರಟರು. ಅವಳ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು, ಅಂಗಿಯ ತೋಳು ಮೇಲೇರಿಸಿ, ಹಿಟ್ಟು ಕಲಸಿ ರೊಟ್ಟಿ ಬಡಿಯತೊಡಗಿದರು! ಅರವತ್ತು ದಾಟಿದ ಗಂಡಸು, ಭೌತಶಾಸ್ತ್ರದ ಪಂಡಿತರು. ಓಣಿಯೆಲ್ಲ ಸೇರಿ ಬಾಯಿಗೆ ಸೆರಗು ಮುಚ್ಚಿ ನಗುತ್ತಿತ್ತು. ಹಿಟ್ಟು ಕೈಗೆ ಹತ್ತಿತು, ಕಟ್ಟೆಗೆ ಹತ್ತಿತು, ಚಷ್ಮಾಕ್ಕೂ ಹತ್ತಿತು. ಸಪ್ಪಳವೋ, ಎಮ್ಮೆ ಕೆಸರಿನಲ್ಲಿ ನಡೆದಂತೆ ಪಚಕ್ ಪಚಕ್.

ಒಳಗಿದ್ದ ಆಯಿಗೆ ತಡೆಯಲಾಗಲಿಲ್ಲ. ಧಡಾರನೆ ಕದ ತೆಗೆದು ಬಂದಳು.

“ಏ ಏ, ಸಾಕ ಮಾಡ್ರಿ! ಹಿಟ್ಟನ್ನ ಕೊಲ್ಲಾಕತ್ತೀರಲ್ಲ!”

“ಯಾಕ್ರಿ ಆಯಿ? ಏನ್ ತಪ್ಪಾತ್ರಿ?”

“ಬಾಯಿ ಮುಚ್ರಿ ಮೊದ್ಲ! ಬಂದಾಗಿಂದ ಬರೇ ಕೇಳ್ತೀರಿ, ಕೇಳ್ತೀರಿ, ಕೇಳ್ತೀರಿ. ಒಮ್ಮೆರ ಕೇಳ್ರಿ!”

ಅವರು ಹಿಟ್ಟಿನ ಕೈ ಗಾಳಿಯಲ್ಲಿ ಹಿಡಿದು ಪಿಳಿಪಿಳಿ ನೋಡಿದರು.

“ಕೇಳೂದಂದ್ರ ಬಾಯಿಲೆ ಅಲ್ಲೋ ತಮ್ಮಾ,” ಎಂದಳು ಆಯಿ, ಈ ಸಲ ದನಿ ಇಳಿಸಿ. “ಕಿವೀಲೆ.”

ಅವಳು ಅವರ ಪಕ್ಕ ಕುಳಿತು, ತನ್ನ ಸೊಟ್ಟ ಬೆರಳಿನಿಂದಲೇ ಒಂದು ಹಿಡಿ ಹಿಟ್ಟಿಗೆ ಎಸರು ಹೊಯ್ದು ನಾದಿ, ನನಗೆ ಬಡಿಯಲು ಕೊಟ್ಟಳು. ದಪ್ ದಪ್ ದಪ್. ಒಣಗಿದ ಹಿಟ್ಟಿನದು ಚಟ್ ಚಟ್, ನೀರು ಹೆಚ್ಚಾದದ್ದು ಪಚಕ್ ಪಚಕ್, ಹದವಾದದ್ದು ದಪ್ ದಪ್. ವರ್ಷಗಟ್ಟಲೆ ರೊಟ್ಟಿ ಬಡಿದ ನಾನೂ ಅದನ್ನು ಅಂದೇ ಮೊದಲ ಸಲ ಕೇಳಿದೆ. ಸರ್ ಕಣ್ಣು ಮುಚ್ಚಿ ಕುಳಿತಿದ್ದರು. ಕಣ್ಣು ತೆಗೆದಾಗ ತುಂಬಿಕೊಂಡಿದ್ದವು. “ಹೌದ್ರಿ ಆಯಿ,” ಎಂದರು, “ಕೇಳಿಸ್ತು.”

ನಾನು ಆಯಿಯ ಕಾಲು ಮುಟ್ಟಿದೆ. “ಬರ್ತೀನಿ ಏಳ,” ಎಂದಳು, “ಆದ್ರ ಆ ಗಡಿಯಾರ ಒಳಗ ಇಡಸು. ಅದರ ಟಿಕ್ ಟಿಕ್‌ನ್ಯಾಗ ನನಗೇನೂ ಕೇಳಂಗಿಲ್ಲ.” ಸರ್ ಅಲ್ಲೇ ಕೊರಳಿನಿಂದ ತೆಗೆದು ಹಿಟ್ಟಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಡಿದರು. ಕೇಂದ್ರಕ್ಕೆ ಬಂದು ಗೋಡೆಯ ಪಟ್ಟಿಯಲ್ಲಿ ಆಯಿಯ ಮುಂದಿದ್ದ ಸೊನ್ನೆ ಹೊಡೆದು, ‘ಎಲ್ಲಾ’ ಎಂದು ಬರೆದರು. ಬಾಗಿಲ ಬಾಜಿನ ಒಲೆ ಕಿತ್ತೆವು. ಮೂರನೆಯ ಸಲ ಕಳಿಸಿದ ರೊಟ್ಟಿ ಇಡಿಯಾಗಿಯೇ ಹುಬ್ಬಳ್ಳಿ ಮುಟ್ಟಿತು.

ಆಮೇಲೆ ಅವರು ಊರು ಬಿಡುವ ಮಾತೇ ಎತ್ತಲಿಲ್ಲ. ದಿನಾ ಆಯಿಯ ಪಕ್ಕ ಕುಳಿತು ಕಿವಿ ಕಲಿಸಿಕೊಂಡರು. ನನ್ನನ್ನೂ ಕೂರಿಸಿದರು. “ಆಯಿ ಆದ ಮ್ಯಾಲೆ ಇದು ನಿಮ್ಮ ಜಾಗಾ ಅಕ್ಕಾರ, ಇದನ್ನ ಹಾಳ್ಯಾಗ ಬರದಿಡ್ಲಿಕ್ಕೆ ಬರೂದಿಲ್ಲ” ಎನ್ನುತ್ತಿದ್ದರು. ಬರೆದಿಡುವುದನ್ನೇ ಉದ್ಯೋಗ ಮಾಡಿಕೊಂಡಿದ್ದವರು! ಕೇಳಿದ ಮೇಲೂ ಯಾಕ್ರಿ ಮಾತ್ರ ಬಿಡಲಿಲ್ಲ. ನಾನು “ಎಸರು ಸಾಲದು” ಎಂದ ಕೂಡಲೇ “ಯಾಕ್ರಿ? ಏನ್ ಕೇಳಿಸ್ತು?” ಎನ್ನುವರು. ಅವರಿಗೆ ಹೇಳಿ ಹೇಳಿಯೇ ನನಗೆ ತಿಳಿದದ್ದು.

ಆರೋಗ್ಯ ಕೆಟ್ಟು ಪುಣೆಯ ಮಗಳ ಮನೆಗೆ ಹೋದ ಮೇಲೂ ವಾರಕ್ಕೊಮ್ಮೆ ಫೋನ್ ಬರುತ್ತಿತ್ತು. ಕ್ಷೇಮ ಸಮಾಚಾರ ಎರಡೇ ಮಾತು. “ಫೋನು ರೊಟ್ಟಿ ಬಡಿಯೂ ಕಲ್ಲಿನ ಹತ್ರ ಹಿಡೀರಿ ಅಕ್ಕಾರ.” ಹಿಡಿಯುತ್ತಿದ್ದೆ. ಆ ಕಡೆ ಉಸಿರಿನ ಸಪ್ಪಳ ಮಾತ್ರ… ಬಹಳ ಹೊತ್ತಿನ ಮೇಲೆ “ಪಾರವ್ವನ ಹಿಟ್ಟು ಸ್ವಲ್ಪ ಒಣಗೇದ” ಎನ್ನುವರು. ಪಾರವ್ವ ಬೈಯುತ್ತಲೇ ನೀರು ಚಿಮುಕಿಸುವಳು. ಆಯಿ ಹೋದ ಸುದ್ದಿ ಹೇಳಿದ ದಿನವೂ ಹಾಗೇ ಕೇಳಿದರು. ಆಮೇಲೆ ಒಂದು ವಾರ ಫೋನ್ ಬರಲಿಲ್ಲ, ಇನ್ನೊಂದು ವಾರವೂ ಬರಲಿಲ್ಲ. ಮೂರನೆಯ ವಾರ ಬಂದದ್ದು ಮಗಳ ದನಿ. ನಾನು ಬಾಗಿಲ ಬಾಜು ಕುಳಿತು ಮಂದಿಯ ಮುಂದೆಯೇ ಅತ್ತೆ.

ಸುಣ್ಣ ಹಚ್ಚಿದ್ದು ಮುಗಿದು ನಿನ್ನೆ ಮತ್ತೆ ಒಲೆ ಹೊತ್ತಿಸಿದೆವು. ಗಡಿಯಾರವನ್ನು ಒರೆಸಿ ಅದೇ ಡಬ್ಬಿಯಲ್ಲಿ ಇಟ್ಟಿದ್ದೇನೆ. ಒಳಗೆ ಇಡಸು ಎಂದವಳ ಮಾತು ಮೀರಲು ನಾನ್ಯಾರು. ಹೊಸದಾಗಿ ಬಂದಿರುವ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಚಟ್ ಚಟ್ ಎಂದಿತು. “ನೀಲವ್ವಾ, ಎಸರು ಸಾಲದು” ಎಂದೆ. ಅವಳು ತಲೆಯೆತ್ತದೆ, ಮರುಮಾತಾಡದೆ ಎಸರು ಹೊಯ್ದು ನಾದಿದಳು. ದಪ್ ದಪ್ ಎಂದಿತು. ನಾನು ಸುಮ್ಮನೆ ಕಾದೆ, ಯಾರಾದರೂ ಯಾಕ್ರಿ ಅಂದಾರು ಎಂದು. ಆರೂ ಒಲೆಗಳ ಮುಂದೆ ರೊಟ್ಟಿ ಬಡಿಯುವ ಸಪ್ಪಳ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಈ ಬಾಗಿಲ ಬಾಜು ಕುಳಿತು ಕೇಳಲು ನಾನಿದ್ದೇನೆ ಸರ್. ನನ್ನನ್ನು ಕೇಳುವವರೇ ಇಲ್ಲ.