ವೈರು ಬಿಚ್ಚಿದ ಆಯುಧ ಪೂಜೆ

ಆಗಲ್ಲ ಅಂದವರು ನಮ್ಮ ದೊಡ್ಡಪ್ಪ. ಬೀರೂರಿನಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವರು. ಸುಟ್ಟು ಬಂದ ಮೋಟಾರನ್ನು ಬಿಚ್ಚಿ, ಕಪ್ಪಾದ ತಾಮ್ರದ ತಂತಿ ಕಿತ್ತು, ಹೊಸದು ಸುತ್ತಿ, ಮತ್ತೆ ನೀರೆತ್ತುವ ಹಾಗೆ ಮಾಡಿಕೊಡುವವರು. ಯಂತ್ರದ ವಿಚಾರದಲ್ಲಿ ನಮ್ಮ ಮನೆಯಲ್ಲಿ ಅವರು ಹೇಳಿದ ಮೇಲೆ ಇನ್ನೊಬ್ಬರು ಬಾಯಿ ತೆರೆಯುವುದಿಲ್ಲ.

ನಾನು ಡಿಗ್ರಿಗೆ ಸೇರುವಾಗಲೂ ಅವರು ಹಾಗೇ ಅಂದಿದ್ದರು. "ನಮ್ಮೋರಲ್ಲಿ ಎಸ್ಸೆಸ್ಸೆಲ್ಸಿ ದಾಟಿದೋರು ಯಾರವ್ರೆ? ಇವಳು ದಾಟ್ಬಿಡ್ತಾಳಾ?" ದಾಟಿದೆ. ಬೆಳಗಿನ ಮೊದಲ ಬಸ್ಸಿನಲ್ಲಿ ನಿಂತುಕೊಂಡೇ ಕಡೂರಿಗೆ ಹೋಗಿ ಬಿಸಿಎ ಓದಿದೆ. ಗಣಿತದಲ್ಲಿ ಬಿದ್ದೆ, ಎದ್ದು ಮತ್ತೆ ಬರೆದೆ. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಮ್ಮನೆ ಸಿಕ್ಕಿದ್ದಾದರೆ ಸಂಕೋಚಪಡಬಹುದಿತ್ತು.

ಈ ಸಲ ಅವರು ಆಗಲ್ಲ ಅಂದದ್ದು ಅತ್ತೆಯ ಬಗ್ಗೆ. ಅತ್ತೆ ಅಂದರೆ ಅಪ್ಪನ ತಂಗಿ, ದೊಡ್ಡಪ್ಪನಿಗೂ ತಂಗಿ. ಅಮೃತಾಪುರದ ಹತ್ತಿರದ ಹಳ್ಳಿಯಲ್ಲಿ ಪಂಚಾಯ್ತಿ ಗ್ರಂಥಾಲಯದ ಬಾಗಿಲು ತೆಗೆದು, ಗುಡಿಸಿ, ಪೇಪರು ಜೋಡಿಸಿ, ಕಣ್ಣು ಕಾಣದ ಮುದುಕರಿಗೆ ಸುದ್ದಿ ಓದಿ ಹೇಳುವುದು ಅವಳ ಕೆಲಸ. ಹಂಗಾಮಿ ಕೆಲಸ. ಅದೇ ಗ್ರಂಥಾಲಯಕ್ಕೆ ಮೇಲ್ವಿಚಾರಕರ ಹುದ್ದೆ ತುಂಬುತ್ತೇವೆ, ಅರ್ಜಿಯ ಜೊತೆ ಕಂಪ್ಯೂಟರ್ ಸರ್ಟಿಫಿಕೇಟ್ ಇರಬೇಕು ಎಂದು ಪಂಚಾಯ್ತಿಯವರು ಹೇಳಿದ್ದರು. ಸರ್ಟಿಫಿಕೇಟ್ ಇಲ್ಲದಿದ್ದರೆ ಬೇರೆ ಯಾರೋ ಬಂದು ಅವಳ ಕೈಯಿಂದ ಬೀಗದ ಕೈ ಇಸಿದುಕೊಳ್ಳುತ್ತಿದ್ದರು.

ಅವಳು ನಾನು ಹೆಂಗಸರಿಗೆ ನಡೆಸುವ ಕಂಪ್ಯೂಟರ್ ತರಗತಿಗೆ ಸೇರಿದಳು. ಅಜ್ಜಂಪುರದಲ್ಲಿ ಮಹಿಳಾ ಸಂಘದ ಕಟ್ಟಡದ ಹಿಂದಿನ ಕೋಣೆ ನಮ್ಮ ಕೇಂದ್ರ. ಕಡೂರಿನ ಒಂದು ಕಚೇರಿಯವರು ಬೇಡವೆಂದು ಮೂಲೆಗೆ ತಳ್ಳಿದ್ದ ಹಳೆಯ ಕಂಪ್ಯೂಟರುಗಳನ್ನು ತಂದು, ಒಂದಕ್ಕೆ ಇಲ್ಲದ್ದನ್ನು ಇನ್ನೊಂದರಿಂದ ಕಿತ್ತು ಹಾಕಿ, ಎಲ್ಲಕ್ಕೂ ವಿಂಡೋಸ್ ಬದಲು ಲಿನಕ್ಸ್ ಎಂಬ ಹಗುರವಾದ, ಪುಕ್ಕಟೆ ಸಿಗುವ ತಂತ್ರಾಂಶ ತುಂಬಿಸಿದ್ದೆ.

ದೊಡ್ಡಪ್ಪ ಒಮ್ಮೆ ಬಂದು ನೋಡಿ ನಕ್ಕಿದ್ದರು. "ಲೇ, ಮೋಟ್ರು ಸುಟ್ರೆ ವಾಸನೆ ಬತ್ತೈತೆ. ಬೇರಿಂಗ್ ಹೋದ್ರೆ ಸದ್ದು ಬತ್ತೈತೆ. ನಿಂದು ಕೆಟ್ರೆ ಏನ್ ಬತ್ತೈತೆ? ಏನೂ ಇಲ್ಲ. ಅಂಥಾದ್ದನ್ನ ನಮ್ಮ ತಂಗಿ ರಿಪೇರಿ ಮಾಡಿ, ಪರೀಕ್ಷೆ ಬರ್ದು, ಸರ್ಟಿಫಿಕೇಟ್ ಇಸ್ಕೊಂತಾಳಾ? ಆಗದ ಮಾತು ಕಣವ್ವ."

"ನೋಡಾಣ ಬಿಡಣ್ಣಯ್ಯ" ಅಂದಿದ್ದಳು ಅತ್ತೆ. ಅವಳು ಅಣ್ಣನ ಮಾತಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೊಸಬರಿಗೆ ಲಿನಕ್ಸ್ ಕಲಿಸುವುದರಲ್ಲಿ ನನಗೊಂದು ದಾರಿ ಇದೆ. ಕಾಲೇಜಿನಲ್ಲಿ ಅದನ್ನು ಯಾರೂ ಹೇಳಿಕೊಟ್ಟಿಲ್ಲ, ಬಸ್ಸು ಹತ್ತಿ ಇಳಿದು ಕಲಿತದ್ದು. ತರೀಕೆರೆಯಿಂದ ಟೈಲರ್ ಅಕ್ಕ ಒಬ್ಬರು ಫೋನು ಮಾಡಿ, "ನನ್ನ ಕೀಬೋರ್ಡ್ ಸತ್ತೋಯ್ತು, ಹೊಸದು ತಗೊಂಡು ಬಾ" ಅಂದರು. ತಗೊಂಡು ಹೋದೆ. ಕೀಬೋರ್ಡಿಗೆ ಏನೂ ಆಗಿರಲಿಲ್ಲ. ಲಿನಕ್ಸಿನ ಕರಿ ಪರದೆಯಲ್ಲಿ ಪಾಸ್‌ವರ್ಡ್ ಹೊಡೆಯುವಾಗ ಒಂದು ಚುಕ್ಕಿಯೂ ಕಾಣುವುದಿಲ್ಲ; ಅದರ ಸ್ವಭಾವ ಹಾಗೆ. ಅವರು ಎರಡು ಅಕ್ಷರ ಒತ್ತಿ, ಏನೂ ಮೂಡಲಿಲ್ಲವೆಂದು ನಿಲ್ಲಿಸಿಬಿಟ್ಟಿದ್ದರು. "ಕಾಣದಿದ್ರೂ ಹೊಡೀತಾ ಹೋಗಕ್ಕ" ಅಂದೆ. ಹೊಡೆದರು. ಬಾಗಿಲು ತೆರೆಯಿತು. "ಅಯ್ಯೋ, ಇಷ್ಟಕ್ಕೆ ನಿನ್ನ ಬಸ್ಸು ಹತ್ತಿಸ್ದೆನಲ್ಲೇ!" ಎಂದು ಕಾಫಿ ಕೊಟ್ಟು, ರವಿಕೆ ಅಳತೆ ತೆಗೆದೇ ಕಳಿಸಿದರು.

ಅಲ್ಲಿಂದಾಚೆಗೆ ನಾನು ರಿಪೇರಿಗೆ ಹೋದಲ್ಲೆಲ್ಲ ಮೊದಲು ಒಂದೇ ಪ್ರಶ್ನೆ: ಕೆಡುವ ಮುಂಚೆ ಏನು ಮಾಡಿದ್ರಿ? ಎಲ್ಲರೂ ಹೇಳುವುದು ಒಂದೇ: ಏನೂ ಮಾಡಿಲ್ಲ. ಏನೋ ಮಾಡಿರುತ್ತಾರೆ. ಇನ್ನು ತರಗತಿಯಲ್ಲಿ ನನ್ನ ಕಟ್ಟಪ್ಪಣೆ ಏನೆಂದರೆ, ಪರದೆಯ ಮೇಲೆ ಏನು ಬಂದರೂ ಮುಚ್ಚಬಾರದು, ಬಾಯಿ ಬಿಟ್ಟು ಕೊನೆ ಸಾಲಿನ ತನಕ ಓದಬೇಕು. ಹೊಸಬರು ಕೆಂಪು ಅಕ್ಷರ ಕಂಡರೆ ಹಾವು ಕಂಡಂತೆ ಹಿಂದೆ ಸರಿಯುತ್ತಾರೆ. ಕಾರಣ ಸಾಮಾನ್ಯವಾಗಿ ಕೆಳಗೆ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಅತ್ತೆಗೆ ಇದು ಕಷ್ಟವಾಗಲಿಲ್ಲ. ಗ್ರಂಥಾಲಯದಲ್ಲಿ ದಿನವೂ ಮಾಡುವ ಕೆಲಸವೇ. ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ, ಗೊತ್ತಿಲ್ಲದ ಪದಕ್ಕೆ ನನ್ನನ್ನು ಕೇಳಿ, ಮೇಲಿನಿಂದ ಕೆಳಗಿನವರೆಗೆ ಓದುತ್ತಿದ್ದಳು.

ಪರೀಕ್ಷೆ ವಿಜಯದಶಮಿಯ ಮರುದಿನ ಮಧ್ಯಾಹ್ನಕ್ಕೆ ನಿಗದಿಯಾಯಿತು. ಅಂತರಜಾಲದ ಪರೀಕ್ಷೆ. ಕಡೂರಿನಿಂದ ಪರೀಕ್ಷಕಿ ಮೇಡಂ ಬರುತ್ತಾರೆ, ಅವರ ಎದುರಿಗೆ ಪರೀಕ್ಷೆಯ ತಾಣ ತೆರೆದು ಬರೆಯಬೇಕು. ತಾಣ ತೆರೆಯದಿದ್ದರೆ ಕೇಂದ್ರ ಸಿದ್ಧವಿಲ್ಲ ಎಂದು ಬರೆದು ಹೊರಡುತ್ತಾರೆ. ಆಮೇಲಿನ ಪರೀಕ್ಷೆ ಬರುವಷ್ಟರಲ್ಲಿ ಪಂಚಾಯ್ತಿ ಅರ್ಜಿಯ ಗಡುವು ಮುಗಿದಿರುತ್ತದೆ.

ಆಯುಧ ಪೂಜೆಯ ದಿನ ನಾನು ಕಡೂರಿನಲ್ಲಿ ಒಂದು ಕೊಬ್ಬರಿ ಮಂಡಿಯ ಪ್ರಿಂಟರಿನೊಡನೆ ಗುದ್ದಾಡುತ್ತಿದ್ದೆ. "ಸ್ವಿಚ್ ಆಫ್ ಮಾಡಿ ಕುಂಕುಮ ಇಟ್ಟು ಪೂಜೆ ಮಾಡ್ಕೊಳ್ಳಿ" ಎಂದು ಕಲಿಯುವ ಹೆಂಗಸರಿಗೆ ಹೇಳಿ ಹೋಗಿದ್ದೆ. ಅತ್ತೆ ಅದಕ್ಕೆ ಒಪ್ಪಲಿಲ್ಲವಂತೆ. ಯಂತ್ರದ ಪೂಜೆ ಎಂದರೆ ಅಣ್ಣಯ್ಯನ ಕೈಯಲ್ಲೇ ಆಗಬೇಕು ಎಂದು ಬೀರೂರಿನಿಂದ ದೊಡ್ಡಪ್ಪನನ್ನು ಕರೆಸಿಕೊಂಡಿದ್ದಳು.

ದೊಡ್ಡಪ್ಪನ ಅಂಗಡಿಯಲ್ಲಿ ಆಯುಧ ಪೂಜೆಗೆ ಒಂದು ಪದ್ಧತಿ. ಪ್ರತಿಯೊಂದು ಯಂತ್ರದ ವೈರನ್ನೂ ಪೂರ್ತಿ ಬಿಚ್ಚಬೇಕು. ತೊಳೆದು ಒರೆಸಬೇಕು. ದಶಮಿ ಕಳೆಯುವ ತನಕ ಅದಕ್ಕೆ ಕರೆಂಟ್ ತಾಗಿಸಬಾರದು, ವರ್ಷವೆಲ್ಲ ದುಡಿದ ಯಂತ್ರ ಮಲಗಬೇಕು. ನಮ್ಮ ಕೇಂದ್ರದಲ್ಲೂ ಅದೇ ನಡೆಯಿತು. ಎಲ್ಲ ವೈರು ಕಿತ್ತು, ಒರೆಸಿ, ತಾಮ್ರದ ತಂತಿಯಂತೆ ಚೆಂದವಾಗಿ ಸುತ್ತಿ, ಸೇವಂತಿಗೆ ಕಟ್ಟಿದರು. ಕೀಬೋರ್ಡುಗಳಿಗೆ ನಲ್ಲಿಯ ಕೆಳಗೆ ಸ್ನಾನವಾಯಿತು. ಬೂದುಗುಂಬಳ ಒಡೆಯಿತು. ದಶಮಿ ಕಳೆದ ಬೆಳಿಗ್ಗೆ ಹೆಂಗಸರು ಎಲ್ಲವನ್ನೂ ಮತ್ತೆ ಜೋಡಿಸಿದರು. ದೊಡ್ಡಪ್ಪ ಹೇಳಿಹೋಗಿದ್ದ ಹಾಗೆ, ವೈರೆಲ್ಲ ಒಂದೇ ಸಾಲಿಗೆ ಬರುವಂತೆ.

ನಾನು ಹೋಗಿ ನೋಡಿದಾಗ ಕೋಣೆಯ ತುಂಬ ಊದುಬತ್ತಿಯ ವಾಸನೆ. ಕಂಪ್ಯೂಟರುಗಳ ಹಣೆಯ ಮೇಲೆ ವಿಭೂತಿ, ಪರದೆಗಳೆಲ್ಲ ಕಪ್ಪು.

"ಏನ್ ಮಾಡಿದ್ರಿ?" ಅಂದೆ.

"ಏನೂ ಮಾಡಿಲ್ಲ ಕಣವ್ವ" ಅಂದಳು ಅತ್ತೆ. ಹೇಳಿದ ಕೂಡಲೇ ನಾಲಗೆ ಕಚ್ಚಿಕೊಂಡಳು. ಆಮೇಲೆ ಎಲ್ಲ ಹೇಳಿದಳು.

ಅವಳು ಫೋನು ಮಾಡಿದ್ದರಿಂದ ದೊಡ್ಡಪ್ಪನೂ ಬೀರೂರಿನಿಂದ ರೈಲು ಹತ್ತಿ ಬಂದರು. ಜೇಬಿನಿಂದ ಟೆಸ್ಟರ್ ತೆಗೆದು ಗೋಡೆಯ ಸಾಕೆಟ್ಟಿಗೆ ಚುಚ್ಚಿದರು. ದೀಪ ಹೊತ್ತಿತು. "ಕರೆಂಟ್ ಐತೆ. ನನ್ನ ಕಡೆ ಎಲ್ಲಾ ಸರಿ ಐತೆ. ಇನ್ ಏನಿದ್ರೂ ನಿಂದು" ಎಂದು ಬೆಂಚಿನ ಮೇಲೆ ಕೂತರು.

ನನಗೆ ಗಾಬರಿಯಾಗಲಿಲ್ಲ. ಕಪ್ಪು ಪರದೆ ನನ್ನ ಹಳೆಯ ಪರಿಚಯ. ಈ ಯಂತ್ರಗಳ ಬೆನ್ನಲ್ಲಿ ಮಾನಿಟರಿನ ವೈರು ಸಿಕ್ಕಿಸಲು ಎರಡು ಜಾಗವಿದೆ. ಮೇಲಿನದು ಕೆಲಸ ಮಾಡುವುದಿಲ್ಲ. ಕೆಳಗೆ, ಬೇರೆಯಾಗಿ ಕೂರಿಸಿದ ಕಾರ್ಡಿನದು ಮಾತ್ರ ಮಾಡುತ್ತದೆ. ಸಾಲಾಗಿ ಕಾಣಲೆಂದು ಎಲ್ಲರೂ ಮೇಲಿನದಕ್ಕೆ ಸಿಕ್ಕಿಸಿದ್ದರು. ಕೆಳಗೆ ಸಿಕ್ಕಿಸಿ ಅಂದೆ. ಒಂದೊಂದೇ ಪರದೆ ಬೆಳಗಿತು. ಮೂಲೆಯ ಒಂದು ಮಾತ್ರ ಪೀಂ ಪೀಂ ಎಂದು ಅಳುತ್ತಿತ್ತು. ಅದರ ಮುಚ್ಚಳ ತೆಗೆದು, ನೆನಪಿನ ಪಟ್ಟಿಯಾದ ರ‍್ಯಾಮನ್ನು ಹೊರಗೆಳೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆಯ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದೆ. ಅಳು ನಿಂತಿತು.

"ರಬ್ಬರ್‌ನಲ್ಲಿ ರಿಪೇರಿನಾ?" ಅಂದರು ದೊಡ್ಡಪ್ಪ. ಬೆಂಚಿನಿಂದ ಎದ್ದು ಹತ್ತಿರ ಬಂದಿದ್ದರು.

ಗೆದ್ದೆವು ಅಂದುಕೊಳ್ಳುವಾಗಲೇ ಇನ್ನೊಂದು ಎದುರಾಯಿತು. ಪರೀಕ್ಷೆಯ ತಾಣ ತೆರೆಯಲಿಲ್ಲ. ಒಂದರಲ್ಲಲ್ಲ, ಎಲ್ಲದರಲ್ಲೂ. ಈ ತಾಣ ಸುರಕ್ಷಿತವಲ್ಲ ಎಂಬ ದಪ್ಪಕ್ಷರದ ಎಚ್ಚರಿಕೆ. ಅದೇ ಹೊತ್ತಿಗೆ ಮೇಡಂ ಫೋನು ಬಂತು: "ಬಸ್ಸು ಬೀರೂರು ಬಿಡ್ತು. ಎಲ್ಲಾ ರೆಡಿ ಇದೆ ತಾನೆ?"

"ರೆಡಿ ಇರುತ್ತೆ ಮೇಡಂ" ಅಂದೆ. ಸುಳ್ಳಲ್ಲ. ಇದೆ ಅನ್ನಲಿಲ್ಲ.

ವೈರಿನದೇ ತೊಂದರೆ ಎಂದು ನನಗೆ ಖಾತ್ರಿಯಾಗಿತ್ತು. ಎಲ್ಲ ಕಿತ್ತು ಹಾಕಿದ ಮೇಲೆ ಇನ್ನೇನಿರುತ್ತದೆ? ಮೇಜಿನ ಕೆಳಗೆ ನುಗ್ಗಿ, ಅಂತರಜಾಲದ ಪೆಟ್ಟಿಗೆಯ ವೈರುಗಳನ್ನು ಒಂದೊಂದಾಗಿ ಬದಲಿಸುತ್ತಾ ಕೂತೆ. ಮೇಲೆ ಹೆಂಗಸರು ಎಚ್ಚರಿಕೆಯನ್ನು ಮುಚ್ಚುವುದು, ತೆರೆಯುವುದು, ಮತ್ತೆ ಮುಚ್ಚುವುದು.

"ಇನ್ನೊಂದು ಕುಂಬಳಕಾಯಿ ಒಡೀಬೇಕಾಗಿತ್ತು ಕಣ್ರೇ, ಒಂದು ಸಾಲ್ದಾಯ್ತು" ಎಂದು ಯಾರೋ ಅಂದರು. ಯಾರೂ ನಗಲಿಲ್ಲ.

"ನಾನವತ್ತೇ ಅಂದಿದ್ದೆ" ಎಂದು ದೊಡ್ಡಪ್ಪ ಶುರು ಮಾಡಿದರು.

"ಅಣ್ಣಯ್ಯ, ಒಂಚೂರು ಸುಮ್ನಿರು, ಓದ್ತಾ ಇದೀನಿ."

ಅತ್ತೆಯ ದನಿ. ಮೇಜಿನ ಕೆಳಗಿನಿಂದ ನನಗೆ ಅವಳ ಪಾದ ಮಾತ್ರ ಕಾಣುತ್ತಿತ್ತು. ಅಲುಗಾಡದೆ ಕೂತಿದ್ದಳು. ಎಚ್ಚರಿಕೆಯನ್ನು ಮೊದಲ ಸಾಲಿನಿಂದ, ಮುದುಕರಿಗೆ ಪೇಪರ್ ಓದುವ ಅದೇ ರಾಗದಲ್ಲಿ ಓದುತ್ತಾ ಬಂದಳು. ದಪ್ಪಕ್ಷರ ಮುಗಿಯಿತು, ಸಣ್ಣಕ್ಷರಕ್ಕೆ ಇಳಿದಳು. ಆಮೇಲೆ ನಿಲ್ಲಿಸಿದಳು.

"ಲೇ, ಮೇಲಕ್ಕೆ ಬಾ. ಕಡೇ ಸಾಲಲ್ಲಿ ಡೇಟು, ಟೈಮು ಅಂತ ಐತೆ. ನಿನ್ನ ಕಂಪ್ಯೂಟರಿನ ಡೇಟು ನೋಡ್ಕೋ ಅಂತಾ ಐತೆ."

ಎದ್ದ ಭರಕ್ಕೆ ತಲೆ ಮೇಜಿಗೆ ಬಡಿಯಿತು. ಪರದೆಯ ಮೂಲೆಯಲ್ಲಿ ತಾರೀಖು ನೋಡಿದೆ. ಎಲ್ಲ ಅರ್ಥವಾಯಿತು.

ಪ್ರತಿ ಕಂಪ್ಯೂಟರಿನ ಹೊಟ್ಟೆಯಲ್ಲಿ ಗುಂಡಿಯಷ್ಟು ಸಣ್ಣ ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗಲೂ ಗಡಿಯಾರ ನಡೆಸುವುದು ಅದೇ. ನಮ್ಮ ಹಳೆಯ ಯಂತ್ರಗಳಲ್ಲಿ ಅದು ಎಂದೋ ಸತ್ತಿತ್ತು. ವೈರು ಸದಾ ಗೋಡೆಗೆ ಸಿಕ್ಕಿಸಿಯೇ ಇದ್ದುದರಿಂದ, ಸ್ವಿಚ್ ಆಫ್ ಮಾಡುವುದೂ ಯಂತ್ರದ ಗುಂಡಿಯಲ್ಲೇ ಆದ್ದರಿಂದ, ಅದು ಯಾರಿಗೂ ತಿಳಿದಿರಲಿಲ್ಲ. ಪೂಜೆಗೆ ಪೂರ್ತಿ ಕಿತ್ತಾಗ ಗಡಿಯಾರಗಳು ನಿಂತು, ಹಳೆಯ ವರ್ಷಕ್ಕೆ ಹೋಗಿ ಕೂತಿದ್ದವು. ಅಂತರಜಾಲದಿಂದ ಸಮಯ ಕೇಳಿ ಸರಿಮಾಡಿಕೊಳ್ಳುವ ಏರ್ಪಾಡು ಈ ಹಗುರ ಲಿನಕ್ಸಿನಲ್ಲಿ ತಾನಾಗಿ ಇರುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ತಾರೀಖು ತಾಳೆಯಾಗದ ಯಂತ್ರ ಸುರಕ್ಷಿತ ತಾಣವನ್ನೂ ನಂಬುವುದಿಲ್ಲ.

"ಅಂದ್ರೆ ನಾನು ವೈರ್ ಕಿತ್ತಿದ್ದಕ್ಕೆ ಅದು ಹಿಂದಕ್ಕೆ ಹೋಗ್ಬಿಡ್ತಾ?" ಅಂದರು ದೊಡ್ಡಪ್ಪ.

"ಹೌದು."

"ಎಲ್ಲಿಗೆ?"

"ನಾನಿನ್ನೂ ಹೈಸ್ಕೂಲಿಗೆ ಹೋಗ್ತಿದ್ದ ವರ್ಷಕ್ಕೆ."

"ಹಂಗಾದ್ರೆ ನಿನ್ನ ಡಿಗ್ರೀನೂ ಹೋಯ್ತು ಅನ್ನು!" ಈ ಸಲ ಎಲ್ಲರೂ ನಕ್ಕರು. ನಾನೂ ನಕ್ಕೆ.

ತಾರೀಖು ತಿದ್ದುವ ಆದೇಶವನ್ನು ಬೋರ್ಡಿನ ಮೇಲೆ ಬರೆದೆ. ನಾನು ಯಾರ ಕೀಬೋರ್ಡನ್ನೂ ಮುಟ್ಟಲಿಲ್ಲ. ಅತ್ತೆ ಕರಿ ಪರದೆ ತೆರೆದು ಆದೇಶ ಹೊಡೆದಳು. ಪಾಸ್‌ವರ್ಡ್ ಕೇಳಿತು. ಬೆರಳುಗಳು ಓಡಿದವು, ಪರದೆಯಲ್ಲಿ ಏನೂ ಮೂಡಲಿಲ್ಲ. ದೊಡ್ಡಪ್ಪ ಅವಳ ಭುಜದ ಮೇಲಿಂದ ಬಗ್ಗಿದರು.

"ಏನೂ ಬೀಳ್ತಿಲ್ವಲ್ಲೇ. ಸತ್ತೋಯ್ತಾ?"

"ಕಾಣಲ್ಲ ಅಣ್ಣಯ್ಯ. ಒಳಗೆ ಹೋಗ್ತಾ ಇರ್ತೈತೆ" ಎಂದು ಎಂಟರ್ ಒತ್ತಿದಳು.

ತಾರೀಖು ಸರಿಯಾಯಿತು. ತಾಣ ತೆರೆಯಿತು. ಅತ್ತೆ ಪಕ್ಕದವಳಿಗೆ ಹೇಳಿಕೊಟ್ಟಳು, ಅವಳು ಮುಂದಿನವಳಿಗೆ. ಮೇಡಂ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಕೋಣೆಯ ಎಲ್ಲ ಪರದೆಗಳ ಮೇಲೂ ಪರೀಕ್ಷೆಯ ಮೊದಲ ಪುಟ ಕಾಯುತ್ತಿತ್ತು. ಪರೀಕ್ಷೆ ಮುಗಿಯುವ ತನಕ ದೊಡ್ಡಪ್ಪ ಹೊರಗೆ, ಮೀಟರ್ ಬೋರ್ಡಿನ ಪಕ್ಕದಲ್ಲೇ ನಿಂತಿದ್ದರು. ಯಾರಾದರೂ ಮೇನ್ ಸ್ವಿಚ್ ಮುಟ್ಟಿಯಾರು ಎಂದು ಕಾವಲು. ಅವರಿಗೆ ಯಾರೂ ಹೇಳಿರಲಿಲ್ಲ.

ಆ ವಾರವೇ ಹೊಸ ಬ್ಯಾಟರಿಗಳನ್ನು ಹಾಕಿದೆ, ಸಮಯ ಸರಿಪಡಿಸುವ ಏರ್ಪಾಡನ್ನೂ ಮಾಡಿದೆ.

ಫಲಿತಾಂಶ ಅರ್ಜಿಯ ಗಡುವಿಗೆ ಮುಂಚೆಯೇ ಬಂತು. ಸರ್ಟಿಫಿಕೇಟ್ ಕೊಟ್ಟದ್ದು ಅದೇ ಕೋಣೆಯಲ್ಲಿ. ಮೇಡಂ ಅತ್ತೆಯ ಹೆಸರು ಕರೆದರು. ಅವಳು ಸೆರಗು ಸರಿಮಾಡಿಕೊಂಡು ಹೋಗಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. ಬಂದವಳು ನಮಗೆ ಕೊಡಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು, ಮೇಲಿನ ಮುದ್ರೆಯಿಂದ ಹಿಡಿದು ಕೆಳಗಿನ ಸಣ್ಣಕ್ಷರದವರೆಗೆ ಬಾಯಿ ಬಿಟ್ಟು ಓದಿದಳು. ಓದಿ ಮುಗಿಸಿ ಅಣ್ಣನ ಕೈಗೆ ಕೊಟ್ಟಳು.

ದೊಡ್ಡಪ್ಪ ಮೊದಲು ಪಂಚೆಗೆ ಕೈ ಒರೆಸಿಕೊಂಡರು. ವಾರ್ನಿಶ್ ಕಲೆಯ ಬೆರಳು ಕಾಗದಕ್ಕೆ ಅಂಟದಂತೆ ಅಂಚಿನಲ್ಲಿ ಹಿಡಿದು, ಹಿಂದೆ ಮುಂದೆ ನೋಡಿ, ತಂಗಿಗೆ ವಾಪಸ್ ಕೊಟ್ಟರು.

"ಬರೋ ವರ್ಷದ ಆಯುಧ ಪೂಜೆಗೂ ನಾನೇ ಬಂದು ಮಂಗಳಾರತಿ ಎತ್ತೀನಿ ಕಣವ್ವ" ಎಂದು ಅವಳಿಗೇ ಅಂದರು. "ವೈರು ಬಿಚ್ಚೋದು, ಹಾಕೋದು ಮಾತ್ರ ನೀನೇ ನೋಡ್ಕೋ."