ಮಳೆಗಾಲಕ್ಕೆ ಕೂಡಿಟ್ಟ ಕಡಲ ನೀರು

ಮೇ ತಿಂಗಳು ಬಂತೆಂದರೆ ಹಳದೀಪುರದ ನಮ್ಮ ಕೇರಿಯಲ್ಲಿ ಮಳೆಗಾಲದ ಸಾಮಾನು ಕೂಡಿಡುವ ಗಡಿಬಿಡಿ. ಒಣಮೀನು, ಉಪ್ಪು, ಹುಣಸೆಹಣ್ಣು, ಕಟ್ಟಿಗೆ, ಹಪ್ಪಳ. ನಮ್ಮ ಮನೆಯಲ್ಲಿ ಇವುಗಳ ಜೊತೆ ಇನ್ನೊಂದು ಸಾಮಾನು ಸೇರುತ್ತಿತ್ತು, ಕಡಲ ನೀರು. ಹಿತ್ತಲ ಮಾಡಿನ ಕೆಳಗೆ ನೀಲಿ ಡ್ರಮ್ಮುಗಳಲ್ಲಿ ತುಂಬಿ, ಮುಚ್ಚಳ ಬಿಗಿದು, ಮೇಲೆ ಗೋಣಿ ಹೊದೆಸಿ ಇಡುತ್ತಿದ್ದೆ. ಬಂದ ನೆಂಟರು ಇದೆಂತದು ಎಂದು ಕೇಳಿದರೆ ನನ್ನ ಹೆಂಡತಿ ನಗದೆ ಹೇಳುವಳು: "ಸಮುದ್ರ. ಬತ್ತಿ ಹೋದ್ರೆ ಇರಲಿ ಅಂತ ಸ್ವಲ್ಪ ತೆಗೆದಿಟ್ಟಾರೆ."

ಭಟ್ಕಳ–ಕುಮಟಾ ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತನಾದ ಮೇಲೆ ನಾನು ಜಗಲಿಯ ಮೂಲೆಯಲ್ಲಿ ಒಂದು ಗಾಜಿನ ತೊಟ್ಟಿ ಇಟ್ಟೆ. ಅದರಲ್ಲಿ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟಿಯ ಒಂದು ಜೋಡಿ ಮೀನು, ಒಂದು ಕಡಲಹೂವು. ಹೆಸರಿಗೆ ಹೂವು, ನಿಜಕ್ಕೆ ಜೀವ. ಕಲ್ಲಿಗೆ ಕಚ್ಚಿಕೊಂಡು ನೂರಾರು ಮೆತ್ತನೆಯ ಬೆರಳುಗಳನ್ನು ಬಿಚ್ಚಿ ತೂಗುತ್ತಿರುತ್ತದೆ. ಬೇರೆ ಮೀನು ಮುಟ್ಟಿದರೆ ಕುಟುಕುತ್ತದೆ, ಈ ಜೋಡಿಗೆ ಮಾತ್ರ ತನ್ನ ಮಡಿಲಲ್ಲಿ ಮಲಗಲು ಕೊಡುತ್ತದೆ. ಮೀನು ತಿನ್ನುವ ಮನೆಯಲ್ಲಿ ಮೀನು ಸಾಕುವ ಹುಚ್ಚು ಎಂದು ಊರವರು ನಕ್ಕರು. ನಗಲಿ. ಸಂಜೆ ದೀಪ ಹಚ್ಚಿದ ಮೇಲೆ ಆ ಎರಡು ಮೀನು ಹೂವಿನೊಳಗೆ ಹೊರಳಿ ಜಾಗ ಮಾಡಿಕೊಳ್ಳುವುದನ್ನು ಒಮ್ಮೆ ನೋಡಿದವರು ಮತ್ತೆ ನಗಲಿಲ್ಲ.

ಇದಕ್ಕೆಲ್ಲ ಬೇಕಾದದ್ದು ಹದವಾದ ಉಪ್ಪುನೀರು. ಮಳೆಗಾಲದಲ್ಲಿ ನಮ್ಮ ದಂಡೆಯ ನೀರು ಅದಕ್ಕೆ ಬರುವುದಿಲ್ಲ. ಶರಾವತಿ ತುಂಬಿ ಹರಿದು ಅಳಿವೆಯೆಲ್ಲ ಅರ್ಧ ಸಿಹಿಯಾಗಿರುತ್ತದೆ. ಬೋಟುಗಳೂ ದಡ ಹತ್ತಿರುತ್ತವೆ. ಹಾಗಾಗಿ ಬೋಟು ನಿಲ್ಲುವ ಮುಂಚೆ, ದಂಡೆ ಕಾಣದಷ್ಟು ಹೊರಗಿನ ನೀರನ್ನು ತರಿಸಿ ಇಟ್ಟುಕೊಳ್ಳಬೇಕು. ತಂದುಕೊಡುತ್ತಿದ್ದವನು ನನ್ನ ಡ್ರೈವರ್. ನನ್ನ ಎಂದರೆ, ಒಂದೇ ಬಸ್ಸಿನಲ್ಲಿ ಅರ್ಧ ಆಯುಷ್ಯ ಕಳೆದವರು ನಾವು. ನಾನು ಎರಡು ಸೀಟಿ ಊದಿದರೆ ಅವನು ಹಿಂದೆ ತಿರುಗಿ ನೋಡದೆ ಗಾಡಿ ಬಿಡುತ್ತಿದ್ದ. ನಿವೃತ್ತಿಯ ಮೇಲೆ ಹೊನ್ನಾವರದಲ್ಲಿ ಭಾವನ ಬೋಟಿನಲ್ಲಿ ಪಾಲು ಹಾಕಿಕೊಂಡು, ಮನಸ್ಸಾದಾಗ ತಾನೂ ಹೋಗಿಬರುತ್ತಿದ್ದ.

ನೀರು ಅಳೆಯುವುದನ್ನು ಅವನಿಗೆ ಕಲಿಸಿದ್ದು ನಾನೇ. ಡೇರಿಯಲ್ಲಿ ಹಾಲಿಗೆ ಬಿಡುವ ಗಾಜಿನ ಕಡ್ಡಿಯನ್ನು ನೋಡಿದವರಿಗೆ ಇದು ಹೊಸದಲ್ಲ. ಅಂಥದೇ ಕಡ್ಡಿ, ನೀರು ಉಪ್ಪಾದಷ್ಟೂ ಮೇಲೆ ತೇಲುತ್ತದೆ. ಸಿಹಿನೀರು ಸಾವಿರ ಎಂದಿಟ್ಟುಕೊಂಡರೆ ಒಳ್ಳೆಯ ಕಡಲ ನೀರು ಸಾವಿರದ ಇಪ್ಪತ್ತಾರು. ಆದರೆ ಪುಸ್ತಕಗಳಲ್ಲಿ ಸಾವಿರ ಪಾಲಿಗೆ ಇಷ್ಟು ಪಾಲು ಉಪ್ಪು ಎಂಬ ಬೇರೆ ಲೆಕ್ಕ. ಒಂದನ್ನು ಇನ್ನೊಂದಕ್ಕೆ ಇಳಿಸಲು ನಾನು ಕಂಡಕ್ಟರನ ಲೆಕ್ಕವೊಂದನ್ನು ಮಾಡಿಕೊಂಡಿದ್ದೆ. ಸಾವಿರದ ಮೇಲೆ ಬಂದದ್ದಕ್ಕೆ ಅದರ ಮೂರನೇ ಒಂದು ಪಾಲು ಕೂಡಿಸಿದರೆ ಆಯಿತು. ಇಪ್ಪತ್ತಾರಕ್ಕೆ ಒಂಬತ್ತರ ಹತ್ತಿರ ಕೂಡಿಸಿದರೆ ಮೂವತ್ತೈದು, ಅದೇ ಕಡಲು. ಬಿಸಿಲಲ್ಲಿ ಕಾದ ನೀರು ತೆಳ್ಳಗಾಗಿ ಕಡಿಮೆ ತೋರಿಸುತ್ತದೆ, ನೆರಳಲ್ಲಿ ಆರಲು ಬಿಡಬೇಕು. ಕಡ್ಡಿಗೆ ಗುಳ್ಳೆ ಅಂಟಿದ್ದರೆ ತಿರುಗಿಸಿ ಬಿಡಿಸಬೇಕು. ಇಷ್ಟನ್ನೂ ಅವನ ಅಂಗಳದಲ್ಲಿ ಕೂತು ಹೇಳಿಕೊಟ್ಟು, ನನ್ನ ಹಳೆಯ ಕಡ್ಡಿಯನ್ನು ಅವನಿಗೇ ಕೊಟ್ಟಿದ್ದೆ. ಅವನು ಅದನ್ನು ಕೂಸನ್ನು ಹಿಡಿದ ಹಾಗೆ ಹಿಡಿದುಕೊಂಡಿದ್ದ.

ಕಳೆದ ವರ್ಷ ಮೇ ತಿಂಗಳಲ್ಲೇ ಗಾಳಿ ಎದ್ದಿತು. ನೀರು ಸಿಗುತ್ತದೋ ಇಲ್ಲವೋ ಎಂದು ನಾನು ಚಡಪಡಿಸುತ್ತಿದ್ದಾಗಲೇ ಅವನು ಡ್ರಮ್ಮುಗಳನ್ನು ಟೆಂಪೋದಲ್ಲಿ ಹೇರಿಕೊಂಡು ಬಂದ. ಅಳೆದೆ, ಸರಿಯಾಗಿ ಇಪ್ಪತ್ತಾರು. ಗಾಳಿಯಲ್ಲೂ ಹೊರಗೆ ಹೋಗಿ ತಂದುಬಿಟ್ಟೆಯಲ್ಲ ಎಂದು ಅವನ ಬೆನ್ನು ತಟ್ಟಿದೆ. ಅವನು, ಇರಲಿ ಬಿಡು ಎಂದ. ಅಂದು ನಮ್ಮಲ್ಲೇ ಉಂಡು ಹೋದ.

ಮಳೆ ಹಿಡಿಯಿತು. ವಾರವಾರ ತೊಟ್ಟಿಯ ನೀರನ್ನು ಒಂದಷ್ಟು ತೆಗೆದು ಡ್ರಮ್ಮಿನದನ್ನು ಹಾಕುತ್ತ ಬಂದೆ. ಸ್ವಲ್ಪ ದಿನದಲ್ಲಿ ಹೂವಿನ ಬೆರಳುಗಳು ಕುಗ್ಗತೊಡಗಿದವು. ಆಮೇಲೆ ಅದು ಹಗಲಿಡೀ ಮುಷ್ಟಿ ಬಿಗಿದಂತೆ ಕೂರತೊಡಗಿತು. ಮೀನುಗಳು ಒಳಗೆ ಹೋಗಲು ದಾರಿ ಸಿಗದೆ ಅದರ ಪಕ್ಕದಲ್ಲೇ ಮೈಯುಜ್ಜುತ್ತ ಸುತ್ತುತ್ತಿದ್ದವು. ನಾನು ಬೆಳಗ್ಗೆ ಅಳೆದೆ, ಸಂಜೆ ಅಳೆದೆ. ಕಡ್ಡಿಯನ್ನು ತೊಳೆದು, ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಬಿಟ್ಟು ಸಾವಿರ ತೋರಿಸುತ್ತದೆಯೇ ಎಂದು ಪರೀಕ್ಷಿಸಿದೆ. ತೋರಿಸಿತು. ಎಲ್ಲ ಸರಿ, ಹೂವು ಮಾತ್ರ ಸಾಯುತ್ತಿದೆ. ಕೈಸೋತು, ಸಾಯುವುದನ್ನು ಬೇಗ ತಡೆಯಬೇಕೆಂದು ಡ್ರಮ್ಮಿನ ನೀರನ್ನೇ ಇನ್ನಷ್ಟು ಹಾಕಿದೆ.

ಅವನು ನೋಡಲು ಬಂದ. ತೊಟ್ಟಿಯ ಮುಂದೆ ಕುರ್ಚಿ ಎಳೆದು ಕೂತು, ನನ್ನ ಲೆಕ್ಕವನ್ನೆಲ್ಲ ಕೇಳಿಸಿಕೊಂಡು, ಆ ಕಡ್ಡಿಯ ಗೀಟುಗಳು ಕೂದಲಿನಷ್ಟು ಸಣ್ಣ, ನಮ್ಮ ವಯಸ್ಸಿಗೆ ಇಪ್ಪತ್ತಾರು ಯಾವುದು ಇಪ್ಪತ್ತು ಯಾವುದು ಎಂದು ಹೇಳುವುದು ಕಷ್ಟ ಎಂದ. "ಒಂದ್ಸಲ ಕಣ್ಣು ತೋರಿಸು ಮಾರಾಯ" ಎಂದ. ನನಗೂ ಹೌದೆನಿಸಿತು. ಆಯುಷ್ಯವಿಡೀ ಚಿಲ್ಲರೆ ಎಣಿಸಿದ ಕಣ್ಣು, ಮಂಜಾಗಿರಬಹುದು. ಕುಮಟೆಯ ಕಣ್ಣಿನ ಡಾಕ್ಟರಲ್ಲಿಗೆ ಹೋದೆ. ಅವನೂ ಬಂದ. ನನ್ನ ಪಕ್ಕ ಬೆಂಚಿನ ಮೇಲೆ ಕೂತು, ಕಣ್ಣಿಗೆ ಔಷಧ ಬಿಟ್ಟು ಏನೂ ಕಾಣದಾದಾಗ ಕೈ ಹಿಡಿದು ಮೆಟ್ಟಿಲು ಇಳಿಸಿ, ಹೋಟೆಲಿನಲ್ಲಿ ಬನ್ಸ್ ಮುರಿದು ನನ್ನ ಕೈಗೆ ಕೊಟ್ಟ. ಹೊಸ ಕನ್ನಡಕ ಬಂತು. ಕಡ್ಡಿ ಮತ್ತೂ ಸ್ಪಷ್ಟವಾಗಿ ಇಪ್ಪತ್ತಾರನ್ನೇ ತೋರಿಸಿತು.

ಕೊನೆಗೆ, ಅವನಿಗೂ ಫೋನಿನಲ್ಲಿ ತಿಳಿಸಿ, ತೊಟ್ಟಿಯ ನೀರನ್ನು ಬಾಟಲಿಯಲ್ಲಿ ಹಿಡಿದು ಭಟ್ಕಳಕ್ಕೆ ಹೋದೆ. ನಾನು ಮೀನು ತಂದ ಅಂಗಡಿಯವರಲ್ಲಿ ದುರ್ಬೀನಿನಂಥ ಒಂದು ಕೊಳವೆ ಇದೆ. ತುದಿಯ ಗಾಜಿಗೆ ಒಂದು ಹನಿ ಹಾಕಿ ಬೆಳಕಿಗೆ ಹಿಡಿದರೆ ನೀಲಿ ಬಿಳುಪು ಕೂಡುವ ಗೆರೆ ಕಾಣುತ್ತದೆ. ಎಡಗಡೆ ನನ್ನ ಕಡ್ಡಿಯ ಲೆಕ್ಕ, ಬಲಗಡೆ ಪುಸ್ತಕದ ಲೆಕ್ಕ. ಅವರು ನೋಡಿ ನನಗೂ ತೋರಿಸಿದರು. ಗೆರೆ ಮೂವತ್ತೈದರ ಮೇಲೆ.

"ನಿಮ್ಮ ಅಳತೆ ಸರಿ ಉಂಟು" ಎಂದರು. "ನೀರು ಎಲ್ಲಿದು?"

ಹೊರಗಿನ ಸಮುದ್ರದ್ದು, ನನ್ನ ಸ್ನೇಹಿತನೇ ತಂದದ್ದು ಎಂದೆ. ಅವರು ಬಾಟಲಿಯನ್ನು ಮೂಸಿ, ಮತ್ತೊಮ್ಮೆ ಅದೇ ಪ್ರಶ್ನೆ ಕೇಳಿದರು. ಬರೀ ಅಡಿಗೆ ಉಪ್ಪು ಕದಡಿದರೂ ಈ ಗೆರೆ ಇಲ್ಲಿಗೇ ಬರುತ್ತದೆ, ಕಡಲಲ್ಲಿ ಸುಣ್ಣವೂ ಇನ್ನೂ ಹತ್ತು ಬಗೆಯ ಲವಣವೂ ಇರುತ್ತವೆ, ಅವು ಕಡಿಮೆಯಾದರೆ ಮೀನು ತಡೆದೀತು, ಹೂವು ತಡೆಯದು ಎಂದರು. ನನಗೆ ಸಿಟ್ಟು ಬಂತು. ನನ್ನ ಡ್ರೈವರನ ಮೇಲೆ ಇವರು ಅನುಮಾನ ಪಡುತ್ತಾರಲ್ಲ ಎಂದು ಬಾಟಲಿ ಕಸಿದುಕೊಂಡು ಬಂದುಬಿಟ್ಟೆ.

ಬರುವಾಗ ಹೊನ್ನಾವರದಲ್ಲಿ ಇಳಿದು, ನಡೆದದ್ದನ್ನು ಹೇಳಿ ನಗೋಣವೆಂದು ಅವನ ಮನೆಗೆ ಹೋದೆ. ಅವನಿರಲಿಲ್ಲ. ಅವನ ಹೆಂಡತಿ ಚಾ ತಂದಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನನ್ನನ್ನು ಚುಡಾಯಿಸಿದಳು.

"ಅಣ್ಣಾ, ನಿಮ್ಮ ಸಮುದ್ರ ಮಾಡೂಕೆ ಈ ವರ್ಷ ನನ್ನ ಉಪ್ಪೆಲ್ಲ ಖಾಲಿ ಆತು. ಮಾವಿನಮಿಡಿ ಹಾಕೂಕೆ ಇಟ್ಕಂಡಿದ್ದು. ಧಕ್ಕೆಯಿಂದ ನೀರು ತಂದು, ಅಂಗಳದಲ್ಲಿ ಕೂತ್ಕಂಡು, ಉಪ್ಪು ಹಾಕೂದು, ಕದಡೂದು, ಆ ಕಡ್ಡಿ ಬಿಟ್ಟು ನೋಡೂದು. ಅಡಿಗೆ ಭಟ್ರಿಗಿಂತ ನಾಜೂಕು ಇವರದು."

ಅದು ನಾನೇ ಹೇಳಿಕೊಟ್ಟ ಕ್ರಮವೆಂದು ಅವಳು ತಿಳಿದಿದ್ದಳು. ಬೋಟು ಕಟ್ಟುವ ಧಕ್ಕೆಯ ನೀರೆಂದರೆ ನದಿ ಬೆರೆತ, ಬೋಟಿನ ಡೀಸೆಲ್ ತೇಲುವ ನೀರು. ನಾನು ಚಾ ಕುಡಿದು ಮುಗಿಸಿದೆ. ಅಷ್ಟರಲ್ಲಿ ಅವನು ಕೊಡೆ ಮಡಚುತ್ತ ಒಳಗೆ ಬಂದ.

"ಎಂತ ಅಂದ್ರು ಭಟ್ಕಳದವರು?"

"ಅಳತೆ ಸರಿ ಇದೆ ಅಂದ್ರು. ಉಪ್ಪು ಎಷ್ಟು ಹಾಕ್ದೆ?"

ಅವನು ಹೆಂಡತಿಯ ಕಡೆ ನೋಡಿದ. ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು.

"ಬೋಟ್ ಹೊರಗೆ ಹೋಗಲೇ ಇಲ್ಲ" ಎಂದ. "ಇಲ್ಲ ಅಂದ್ರೆ ನಿಂಗೆ ಬೇಜಾರಾಗ್ತಿತ್ತು. ಕಡ್ಡಿ ಸರಿ ತೋರಿಸ್ತಲ. ಉಪ್ಪು ಉಪ್ಪೇ ಅಂದ್ಕಂಡೆ."

ಅಷ್ಟಕ್ಕೆ ನಾನು ಸುಮ್ಮನಾಗುತ್ತಿದ್ದೆ. ಗಾಳಿಯಲ್ಲಿ ಬೋಟು ಹೋಗಲಿಲ್ಲ ಎಂಬುದು ತಪ್ಪಲ್ಲ, ಉಪ್ಪು ಉಪ್ಪೇ ಎಂದುಕೊಂಡದ್ದೂ ದೊಡ್ಡ ತಪ್ಪಲ್ಲ. ನನ್ನ ಗಂಟಲಲ್ಲಿ ಸಿಕ್ಕಿಕೊಂಡದ್ದು ಬೇರೆ.

"ಕುಮಟೆಗೆ ಯಾಕೆ ಬಂದೆ?"

"ಎಂತದು?"

"ನನ್ನ ಕಣ್ಣು ಸರಿ ಇದೆ ಅಂತ ನಿಂಗೆ ಗೊತ್ತಿತ್ತು. ಮತ್ತೆ ಡಾಕ್ಟರ ಹತ್ರ ಯಾಕೆ ಬಂದೆ?"

ಅವನು ಕೊಡೆಯನ್ನು ಮೂಲೆಗೆ ಒರಗಿಸಿಟ್ಟ. ಆಮೇಲೆ, "ಒಬ್ನೇ ಹೋಗ್ತೆ ಅಂದ್ಯಲ ನೀನು. ಅದಕ್ಕೆ" ಎಂದ.

ಆ ಮಾತು ಸುಳ್ಳಲ್ಲ ಎಂದು ನನಗೆ ಗೊತ್ತು. ಅದಕ್ಕೇ ಅದು ಇವತ್ತಿಗೂ ಇಳಿಯುವುದಿಲ್ಲ. ಬೆನ್ನು ತಟ್ಟಿದಾಗ ಹೇಳಬಹುದಿತ್ತು. ತೊಟ್ಟಿಯ ಮುಂದೆ ಕೂತಾಗ, ಹೂವು ಇನ್ನೂ ಕಲ್ಲು ಬಿಡದೆ ಇದ್ದಾಗ, ಹೇಳಬಹುದಿತ್ತು. ನನ್ನ ಕೈ ಹಿಡಿದು ಮೆಟ್ಟಿಲು ಇಳಿಸುವಾಗಲಾದರೂ ಹೇಳಬಹುದಿತ್ತು.

ಮರುದಿನ ಮತ್ತೆ ಭಟ್ಕಳಕ್ಕೆ ಹೋಗಿ, ಅಂಗಡಿಯವರ ಮುಂದೆ ತಲೆ ತಗ್ಗಿಸಿ ನಿಂತು, ಕಡಲ ಲವಣಗಳೆಲ್ಲ ಬೆರೆತ ಪುಡಿಯ ಚೀಲ ತಂದೆ. ಬಾವಿಯ ನೀರಿಗೆ ಕದಡಿ, ಆರಿಸಿ, ಅಳೆದು, ಒಮ್ಮೆಲೇ ಹೆದರಿಸಬಾರದೆಂದು ಚೂರುಚೂರಾಗಿ ಬದಲಿಸಿದೆ. ತಡವಾಗಿತ್ತು. ಹೂವು ಕಲ್ಲಿನಿಂದ ಕಳಚಿ, ನೆನೆದ ಕಾಗದದ ಹಾಗೆ ತೊಟ್ಟಿಯ ಮೂಲೆಗೆ ಬಿತ್ತು. ಉಳಿದ ನೀರೂ ಕೆಡದಿರಲೆಂದು ಅದನ್ನು ಬಟ್ಟಲಲ್ಲಿ ಎತ್ತಿ ಹಿತ್ತಲಲ್ಲಿ ಹುಗಿದೆ. ಮೀನುಗಳು ಬದುಕಿದವು. ಆದರೆ ಕತ್ತಲಾದೊಡನೆ ಆ ಬೋಳು ಕಲ್ಲಿಗೆ ಬಂದು ಹೊರಳಾಡುತ್ತಿದ್ದವು.

ಮಳೆ ನಿಂತು ಬೋಟುಗಳು ಕಡಲಿಗೆ ಇಳಿದ ಮೇಲೆ ಅವನು ಕ್ಯಾನುಗಳೊಂದಿಗೆ ಬಂದ. ಜಗಲಿಯಲ್ಲಿ ಇಳಿಸಿ, "ಈ ಸಲ ಹೊರಗಿಂದೇ. ನಾನೇ ಹೋಗಿ ತಂದೆ. ಬೇಕಾದ್ರೆ ಅಳೆದು ನೋಡು" ಎಂದ.

ಅಳೆಯಲಿಲ್ಲ. ಅಳೆದರೆ ಇಪ್ಪತ್ತಾರೇ ಬರುತ್ತದೆ. ಇಪ್ಪತ್ತಾರು ಬರಿಸುವುದು ಅವನಿಗೆ ಗೊತ್ತು, ಕಲಿಸಿದವನು ನಾನು.

ಹೆಂಡತಿ ಚಾ ಕೊಟ್ಟಳು. ಅವನು ಕುಡಿದ. ತೊಟ್ಟಿಯ ಹತ್ತಿರ ಬಾಗಿದಾಗ ಮೀನುಗಳು ಗಾಜಿನ ಬಳಿ ಬಂದವು. ಯಾರು ಬಂದರೂ ಹಾಗೇ ಬರುತ್ತವೆ, ತಿನ್ನಲು ಸಿಗುತ್ತದೆಂದು. "ನನ್ನ ಗುರ್ತು ಉಂಟು ಇವಕ್ಕೆ" ಎಂದ. ಬಸ್ಸಿನ ಹೊತ್ತಾಯಿತು ಎಂದು ಅವನೇ ಎದ್ದ. ನಾನು ಗೇಟಿನ ತನಕ ಹೋಗಿ ಬಂದೆ. ಕ್ಯಾನುಗಳ ಮುಚ್ಚಳ ಇನ್ನೂ ತೆಗೆದಿಲ್ಲ.