ಗೋಕರ್ಣದಲ್ಲಿ ಕೂಗಿದ ಹೆಸರು

ಹೆಂಡತಿಯ ಹೆಸರು ಹೇಳಲು ನನಗೆ ನಾಚಿಕೆ. ನಗಬೇಡಿ, ಹುಟ್ಟಿನಿಂದ ನಾನೇನೂ ಮೂಕನಲ್ಲ. ಬ್ಯಾಡಗಿಯ ಒಂದು ದಲಾಲಿ ಅಡತಿ ಅಂಗಡಿಯಲ್ಲಿ, ಮೆಣಸಿನಕಾಯಿ ತಂದ ರೈತರನ್ನು ಸರದಿ ಬಂದಾಗ ಹೆಸರು ಹಿಡಿದು ಕೂಗಿ ಕರೆಯುವುದು ನನ್ನ ಕೆಲಸವಾಗಿತ್ತು. ಘಾಟಿಗೆ ಊರೆಲ್ಲ ಸೀನುತ್ತಿದ್ದರೂ ನನ್ನ ದನಿ ಮಾತ್ರ ಬಜಾರದ ಆ ತುದಿಗೆ ಮುಟ್ಟುತ್ತಿತ್ತು. ಕಂಡವರ ಹೆಸರನ್ನೆಲ್ಲ ಹಾಗೆ ಸಾರುವ ಗಂಡಸಿಗೆ ಕಟ್ಟಿಕೊಂಡವಳ ಹೆಸರು ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಇದು ನಮ್ಮ ಮನೆತನದಲ್ಲೇ ಬಂದದ್ದು. ನಮ್ಮಪ್ಪ ಬದುಕಿರುವ ತನಕ ಅವ್ವನನ್ನು ಕರೆದದ್ದು ಕೆಮ್ಮಿನಿಂದ. ಸಣ್ಣಗೆ ಕೆಮ್ಮಿದರೆ ನೀರು, ಎಳೆದು ಕೆಮ್ಮಿದರೆ ಊಟ, ಕೆಮ್ಮಿ ಕ್ಯಾಕರಿಸಿದರೆ ಮನೆಗೆ ಯಾರೋ ಬಂದಿದ್ದಾರೆ, ಚಹಾಕ್ಕಿಡು ಎಂದರ್ಥ. ಒಮ್ಮೆ ಅಪ್ಪನಿಗೆ ಖರೇನೇ ನೆಗಡಿ ಕೆಮ್ಮಾಗಿ, ಅವ್ವ ದಿನವಿಡೀ ಒಳಗೂ ಹೊರಗೂ ಓಡಾಡಿ ಸುಸ್ತಾಗಿದ್ದಳು. ನಾನು ಸುಧಾರಿಸಿದ ಕಾಲದವನು, 'ಏ' ಅನ್ನುತ್ತಿದ್ದೆ. ಮಕ್ಕಳಿದ್ದವರಿಗಾದರೆ ಇಂಥವನ ಅವ್ವ ಎಂದು ಕರೆಯುವ ಅನುಕೂಲವಿರುತ್ತದೆ. ಮದುವೆಯಾಗಿ ಎರಡು ವರ್ಷವಾಗಿದ್ದ ನಮಗೆ ಇನ್ನೂ ಆ ಅನುಕೂಲ ಇರಲಿಲ್ಲ. ಅವ್ವ ಸೊಸೆಯನ್ನು ತುಂಗಭದ್ರೆಯ ದಂಡೆಯ ಅವಳ ತವರೂರು ಹಿಡಿದು 'ಮೇಡ್ಲೇರ್ಯಾಕಿ' ಅನ್ನುತ್ತಿದ್ದಳು. ಅವ್ವನ ಬಾಯಿಂದ ಓಣಿಗೆ ಹೋಗಿ ಅದೇ ಕಾಯಂ ಆಯಿತು. ದೇವರಿಗೆ ಸಾವಿರ ಹೆಸರಿಟ್ಟು ದಿನಾ ಬೆಳಿಗ್ಗೆ ಎಲ್ಲವನ್ನೂ ಕೂಗುವ ಜನ ನಾವು. ಸೊಸೆಗಿರುವುದು ಒಂದೇ ಒಂದು, ಅದನ್ನೂ ಹೊಸಿಲಾಚೆ ಬಿಟ್ಟು ಒಳಗೆ ಬಾ ಅನ್ನುತ್ತೇವೆ.

ಎಂಬತ್ತರ ದಶಕ ಮುಗಿಯುತ್ತಿದ್ದ ದಿನಗಳು. ಹಾವೇರಿಯಲ್ಲಿ ಬೀಗರ ಕಡೆಯ ಒಂದು ಮದುವೆ. ಅಕ್ಕಿಕಾಳು ಬಿದ್ದು ಊಟವಾದ ಮೇಲೆ ಹೆಂಗಸರು ಸುತ್ತುಗಟ್ಟಿ, ಕಂಡ ಕಂಡ ಜೋಡಿಗಳಿಗೆ ಒಡಪು ಹಾಕಿಸತೊಡಗಿದರು. ನಮ್ಮ ಕಡೆ ಗಂಡ ಹೆಂಡತಿ ಒಬ್ಬರೊಬ್ಬರ ಹೆಸರು ಹೇಳಲು ಇರುವ ಪರವಾನಗಿ ಅದೊಂದೇ: ಮುಂದೆ ಪ್ರಾಸದ ಸಾಲು, ಅದರ ಬಾಲಕ್ಕೆ ಹೆಸರು. ನನ್ನವಳು ಸೆರಗು ಸರಿಮಾಡಿಕೊಂಡು, ತುಂಗಭದ್ರೆಯ ತೆರೆಯನ್ನೂ ಬ್ಯಾಡಗಿಯ ಕೆಂಪನ್ನೂ ಸೇರಿಸಿ ಎಷ್ಟು ಚೆಂದದ ಒಡಪು ಹಾಕಿ ನನ್ನ ಹೆಸರು ಹೇಳಿದಳೆಂದರೆ, ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

"ಈಗ ನೀವು ಹೇಳ್ರಿ ಮಾಮಾರ!"

ನಾನು ಕೈ ತೊಳೆದು ಬರುತ್ತೇನೆಂದು ಎದ್ದೆ. ಕೈ ಆಗಲೇ ತೊಳೆದಾಗಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಹಿಂದೆ ಯಾರೋ, "ಮಾಮಾಗ ಹೆಂಡತಿ ಹೆಸರ ಗೊತ್ತಿಲ್ಲವಾ ಯವ್ವಾ!" ಎಂದದ್ದಕ್ಕೆ ಎದ್ದ ನಗೆ ಹಿತ್ತಲಿನ ತನಕ ಬಂತು. ಅದರಲ್ಲಿ ಅವಳ ನಗೆ ಇರಲಿಲ್ಲ.

ಬಸ್‌ಸ್ಟ್ಯಾಂಡಿಗೆ ಬರುವಾಗ ನಾನು ಎಂದಿನಂತೆ ಮುಂದೆ, ಅವಳು ಹಿಂದೆ. ಜೋಡಿಯಾಗಿ ನಡೆಯುವುದೂ ನಾಚಿಕೆಯ ಬಾಬತ್ತೇ. ಅವಳ ಕೈಯಲ್ಲಿ ಉಡಿಯ ತೆಂಗಿನಕಾಯಿ, ಬುಂದೆ ಲಾಡಿನ ಪೊಟ್ಟಣ. ಬ್ಯಾಡಗಿ ಬಸ್ಸು ಬಂದು ಹೊರಡಲು ಸಿದ್ಧವಾಗಿತ್ತು. ಅದರ ಪಕ್ಕಕ್ಕೆ ನಿಂತಿದ್ದ ಇನ್ನೊಂದರ ಬೋರ್ಡನ್ನು ಅವಳು ಓದಿದಳು.

"ಗೋಕರ್ಣದಾಗ ಸಮುದ್ರ ಐತೇನ್ರಿ?"

"ಐತಿ."

"ನಾ ಹೊಳಿ ಬಿಟ್ರ ಏನೂ ನೋಡಿಲ್ಲ," ಎಂದಳು.

ಬಾಯಿಂದ ಆಗದ್ದನ್ನು ಕಾಲಿಂದ ತೀರಿಸಿಬಿಡೋಣ ಅನ್ನಿಸಿತೋ ಏನೋ, "ಹತ್ತು," ಎಂದೆ. ನಮ್ಮೂರ ಬಸ್ಸಿನ ಕಿಟಕಿಯಲ್ಲಿದ್ದ ಓಣಿಯವನೊಬ್ಬನಿಗೆ, "ನಾಳೆ ಬರ್ತೀವಂತ ನಮ್ಮವ್ವಗ ಹೇಳಿಬಿಡಪಾ," ಎಂದೆ. ಬೀಗರು ಉಳಿಸಿಕೊಂಡರೆಂದು ಅವನು ತಿಳಿದ. ನಾನೂ ಹಾಗೇ ತಿಳಿಯಲಿ ಎಂದು ಬಿಟ್ಟೆ. ಹೆಂಡತಿಯನ್ನು ಕಟ್ಟಿಕೊಂಡು ಸಮುದ್ರ ನೋಡಲು ಹೊರಟಿದ್ದೇನೆಂದು ಹೇಳಿದ್ದರೆ ಅವನು ಬಸ್ಸು ಇಳಿದು ಬಂದು ನನ್ನ ಹಣೆ ಮುಟ್ಟಿ ನೋಡುತ್ತಿದ್ದ. ಗೋಕರ್ಣಕ್ಕೆ ನಮ್ಮ ಜನ ಹೋಗುವುದು ಪುಣ್ಯಕ್ಕೆ, ಇಲ್ಲವೇ ಪಿಂಡಕ್ಕೆ. ಸುಮ್ಮನೆ ಹೋಗುವವರು ಯಾರಿದ್ದಾರೆ?

ಘಟ್ಟ ಇಳಿದು ಊರು ಮುಟ್ಟಿದಾಗ ದೀಪ ಹಚ್ಚಿದ್ದರು. ವಸತಿಗೃಹದ ಗಲ್ಲೆಯಲ್ಲಿ ಕೂತಿದ್ದವರು ನನ್ನ ಹೆಸರು ಬರೆದುಕೊಂಡು, "ಜೊತೆಗಿದ್ದವರು?" ಎಂದರು.

"ಮನಿಯವರು."

"ಹೆಸರು?"

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ, ಚಪ್ಪಲಿ ನೋಡಿದೆ, ಕೊನೆಗೆ ಅಪ್ಪನಂತೆ ಕೆಮ್ಮಿದೆ. ಅವರು ಪೆನ್ನು ಕೆಳಗಿಟ್ಟು ನಮ್ಮಿಬ್ಬರನ್ನೂ ಮೇಲಿಂದ ಕೆಳತನಕ ನೋಡಿದರು. ಪೆಟ್ಟಿಗೆಯಿಲ್ಲ, ಚೀಲವಿಲ್ಲ, ಮದುವೆ ಸೀರೆ, ಕೈಯಲ್ಲಿ ತೆಂಗಿನಕಾಯಿ. "ಸ್ವಂತ ಹೆಂಡ್ತಿ ಹೆಸರು ಹೇಳಲಿಕ್ಕೆ ಇಷ್ಟು ಹೊತ್ತು ಬೇಕಾ ಮಾರಾಯ್ರೆ?" ಎಂದರು. ಓಡಿಸಿಕೊಂಡು ಬಂದ ಹೆಣ್ಣೆಂದು ಅವರಿಗೆ ಖಾತ್ರಿಯಾಗಿತ್ತು. ನೆಲ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಅವಳು ಮುಂದೆ ಬಂದು, "ಕಸ್ತೂರಿ ಅಂತ ಬರೀರಿ," ಎಂದಳು. ದನಿ ಗಟ್ಟಿಯಾಗಿಯೇ ಇತ್ತು. ಕೋಣೆಗೆ ಹೋದ ಮೇಲೆ ಗೋಡೆಯ ಕಡೆ ಮುಖಮಾಡಿ ಮಲಗಿದಳು.

ಮರುದಿನ ಹುಣ್ಣಿಮೆ. ಸಮುದ್ರಸ್ನಾನಕ್ಕೆಂದು ದಂಡೆಯ ತುಂಬ ಜನ. ಸಮುದ್ರದ ಬಗ್ಗೆ ನನಗೆ ವರ್ಣನೆ ಬಾರದು, ನಮ್ಮ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ರಾಶಿ ಹಾಕಿದಾಗ ಕಾಣುವಷ್ಟೇ ದೂರ ಅದೂ ಇತ್ತು, ಬಣ್ಣ ಮಾತ್ರ ಬೇರೆ. ಅವಳು ಒಂದು ತೆರೆ ಬಂದು ಕಾಲು ತೊಳೆದದ್ದೇ ತಡ, "ಅಯ್ಯ ಶಿವನ!" ಎಂದು ಕೂಸಿನ ಹಾಗೆ ನಕ್ಕಳು. ನಿನ್ನೆಯಿಂದ ಅದೇ ಮೊದಲ ನಗೆ. ನನಗೆ ಖುಷಿಯಾಯಿತು. ಖುಷಿಯಾದದ್ದು ಯಾರಿಗಾದರೂ ಕಂಡೀತೆಂದು ನಾಚಿಕೆಯೂ ಆಯಿತು. ಹಾಗಾಗಿ ಧೋತರ ಎತ್ತಿ ಹಿಡಿದು, ಕೆಲಸವಿದ್ದವನಂತೆ ದಂಡೆಗುಂಟ ಮುಂದೆ ಮುಂದೆ ನಡೆದೆ. ಎಂದಿನಂತೆ ಅವಳು ಹಿಂದೆ ಬರುತ್ತಿದ್ದಾಳೆ ಎಂದುಕೊಂಡು.

ತಿರುಗಿ ನೋಡಿದರೆ ಅವಳಿಲ್ಲ.

ಹಿಂದಕ್ಕೆ ಓಡಿದೆ. ಎಲ್ಲೆಲ್ಲೂ ಒದ್ದೆ ಸೀರೆಗಳು, ಒದ್ದೆ ತಲೆಗಳು. "ಏ!" ಎಂದೆ. ಸುತ್ತಲಿನ ಹೆಂಗಸರೆಲ್ಲ ತಿರುಗಿದರು. ಎಲ್ಲರ ಗಂಡಂದಿರೂ ಅವರಿಗೆ ಇಟ್ಟ ಹೆಸರು ಅದೇ ಇರಬೇಕು. "ಇಲ್ನೋಡ!" ಎಂದೆ. ಗಂಡಸರೂ ನೋಡಿದರು. ಆ ಹೊತ್ತಿಗೇ ದೊಡ್ಡ ತೆರೆಯೊಂದು ಬಂದು, ಸೊಂಟಮಟ ನೀರಿನಲ್ಲಿದ್ದವರನ್ನೆಲ್ಲ ಉರುಳಿಸಿ ಹಿಂದೆ ಸರಿಯಿತು. ಹೊಳೆಯ ದಂಡೆಯಲ್ಲಿ ಬೆಳೆದವಳು, ಈಸು ಬರುತ್ತದೆ ಎಂದು ಎಷ್ಟು ಹೇಳಿಕೊಂಡರೂ ಸಮಾಧಾನವಾಗಲಿಲ್ಲ. ಏನು ಹಿಡಿದು ಹುಡುಕಲಿ? ಯಾರನ್ನಾದರೂ ಕೇಳಬೇಕೆಂದರೂ, ಮೇಡ್ಲೇರ್ಯಾಕಿಯನ್ನು ನೋಡಿದಿರಾ ಎಂದು ಗೋಕರ್ಣದಲ್ಲಿ ಕೇಳಲಾದೀತೇ?

"ಕಸ್ತೂರೀ!"

ಬ್ಯಾಡಗಿ ಬಜಾರದ ದನಿ ಅದು, ಅಳತೆ ಗೊತ್ತಿಲ್ಲದ್ದು. ತರ್ಪಣ ಬಿಡುತ್ತಿದ್ದ ಭಟ್ಟರ ಮಂತ್ರ ನಿಂತಿತು. "ಕಸ್ತೂರೀ! ಏ ಕಸ್ತೂರೀ!" ಎಂದು ನಾನು ಕೂಗುತ್ತಲೇ ಹೋದೆ. ಜನರ ನಡುವಿನಿಂದ ಒಬ್ಬರು ರುಮಾಲಿನ ಹಿರಿಯರು ಇಣುಕಿ, "ನೀವು ಬ್ಯಾಡಗಿ ಅಂಗಡ್ಯಾಗ ನಮ್ಮನ್ನ ಕೂಗಾವ್ರಲ್ಲೇನ್ರಿ?" ಎಂದರು. ರಾಣೆಬೆನ್ನೂರು ಕಡೆಯ ನಮ್ಮ ಗಿರಾಕಿ! ಮಾನ ಹೋಯಿತೆಂದುಕೊಂಡೆ, ಆದರೂ ಕೂಗುವುದು ನಿಲ್ಲಲಿಲ್ಲ.

ಅವಳು ಕಂಡಳು. ದೂರವೇನೂ ಅಲ್ಲ, ಮೊಣಕಾಲ ನೀರಿನಲ್ಲಿ ನನಗೆ ಬೆನ್ನು ಮಾಡಿ ನಿಂತಿದ್ದಳು. ಹೋಗಿ ರಟ್ಟೆ ಹಿಡಿದೆ, ಅಷ್ಟು ಜನರೆದುರಿಗೆ.

"ಕಿವಿ ಕೇಳಸೂದಿಲ್ಲೇನ ನಿನಗ?"

"ಮೊದಲನೇ ಕೂಗಿಗೇ ಕೇಳ್ತು," ಎಂದಳು. ಕಣ್ಣು ತುಂಬಿತ್ತು, ಉಪ್ಪುನೀರು ಎನ್ನಲು ಮುಖ ಒಣಗಿಯೇ ಇತ್ತು. "ನಿಮ್ಮ ಮನಿಗೆ ಬಂದಮ್ಯಾಲ ನನ್ನ ಹೆಸರ ಹಿಡದು ಯಾರೂ ಕರದಿರಲಿಲ್ರಿ. ಇನ್ನೊಮ್ಮೆ ಕರೀತೀರೇನೋ ಅಂತ ಸುಮ್ಮ ನಿಂತೆ."

ನನಗೆ ನಿಜವಾದ ನಾಚಿಕೆಯಾದದ್ದು ಆಗ. ಅದಕ್ಕೆ ಮುಂಚಿನದೆಲ್ಲ ಬರೀ ಸಂಕೋಚ. ಬರುವಾಗ ಇಬ್ಬರೂ ಜೋಡಿಯಾಗಿ ನಡೆದು ಬಂದೆವು. ಎದುರಿಗೆ ಯಾರಾದರೂ ಬಂದರೆ ಕಾಲು ತಾನಾಗಿ ಮುಂದಾಗುತ್ತಿತ್ತು, ಮತ್ತೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ.

ಮನೆಗೆ ಬಂದ ಸಂಜೆ ಅವ್ವ ಪಡಸಾಲೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಳು. ನಾನು ಅಂಗಿ ಕಳಚಿ, ರೂಢಿಯಂತೆ "ಏ, ಚಾ ತಾ," ಎಂದೆ. ಅಡುಗೆಮನೆಯಿಂದ ಸದ್ದಿಲ್ಲ. ಮತ್ತೆ "ಏ" ಎಂದೆ. ಇಲ್ಲ. ಅವ್ವನ ಕಡೆ ಒಮ್ಮೆ ನೋಡಿ, ಕಿವಿ ಬಿಸಿಯಾಗಿ, ಕಳ್ಳನಂತೆ ದನಿ ತಗ್ಗಿಸಿ, "ಕಸ್ತೂರಿ," ಎಂದೆ.

"ಬಂದೆ ರೀ!"

ಅವ್ವನ ಕೈ ನಿಂತಿತು. ಸೊಸೆ ಚಹಾ ಕೊಟ್ಟು ಒಳಗೆ ಹೋಗುವಾಗ ಅವಳ ಸೀರೆಯ ನೆರಿಗೆಯಿಂದ ಉದುರಿದ ಮರಳನ್ನು ಅವ್ವ ನೋಡಿದಳು, ಬೆರಳಿಗೆ ಹಚ್ಚಿ ತಿಕ್ಕಿ ನೋಡಿದಳು. ಹಾವೇರಿಯ ಯಾವ ಬೀಗರ ಮನೆಯಲ್ಲೂ ಅಂಥ ಮರಳಿಲ್ಲ. ನಾನು ಬೈಗುಳಕ್ಕೆ ತಯಾರಾಗಿ ನಡೆದದ್ದನ್ನೆಲ್ಲ ಹೇಳಿಬಿಟ್ಟೆ, ಕೂಗಿದ್ದನ್ನೂ ಬಿಡದೆ. ಅವ್ವ ಮತ್ತೆ ತೊಟ್ಟು ಬಿಡಿಸತೊಡಗಿದಳು. ಬಿಡಿಸುತ್ತಲೇ, "ನಿಮ್ಮಪ್ಪಾರು ಬರೇ ಕೆಮ್ಮೂದ್ರಾಗ ಹೋಗಿಬಿಟ್ರು ನೋಡಪಾ," ಎಂದಳು.

ಅವ್ವನ ಹೆಸರು ಗಂಗವ್ವ. ಇಷ್ಟೆಲ್ಲ ಬರೆದ ಮೇಲೆ ಅದನ್ನೂ ಒಮ್ಮೆ ಹೇಳಿಬಿಡಬೇಕು ಅನ್ನಿಸಿತು.